ವರದಿಗೆ ಸೇರದ ಜುಲೈ

ಕೊನೆಯ ಸಾಲಿನಲ್ಲಿ ಕೂತು ಡೊಂಬಿವಲಿ ಫಾಸ್ಟ್ ಲೋಕಲ್ ಎಷ್ಟು ಗಂಟೆಗೆಂದು ಲೆಕ್ಕ ಹಾಕುತ್ತಿರುವ ನನ್ನಂಥವರೇ,

ನನಗೆ ಒಪ್ಪಿಸಿದ ವಿಷಯ ‘ಹೆಣ್ಣುಮಕ್ಕಳ ನಾಯಕತ್ವ ಸಂಘಟನೆ: ಒಂದು ವರ್ಷದ ಸಮಾಜಕಾರ್ಯದ ಫಲ’. ಈ ಸಂಘದ ಕಾರ್ಯದರ್ಶಿಗಳು ಫೋನಿನಲ್ಲಿ, “ನೀವು 22 ವರ್ಷ ಗೈಡ್ ಕ್ಯಾಪ್ಟನ್ ಆಗಿದ್ದವರು ಮೇಡಂ, ವಾರ್ಷಿಕ ವರದಿ ಬರೆದು ಕೈ ಪಳಗಿರುತ್ತದೆ” ಅಂದರು. ಕೈ ಪಳಗಿದ್ದೇ ತೊಂದರೆಯಾಯಿತು. ಅದನ್ನು ಮೊದಲು ಹೇಳಿಬಿಡುತ್ತೇನೆ.

2005ರ ಜುಲೈ 26, ಮಂಗಳವಾರ. ಈ ಮುಂಬಯಿಯಲ್ಲಿ ಆ ದಿನದ ಬಗ್ಗೆ ವಿವರಿಸುವ ಅಗತ್ಯವಿಲ್ಲ. ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ. ಯಾರು ಎಲ್ಲಿ ಸಿಕ್ಕಿಬಿದ್ದಿದ್ದರು ಎಂಬ ಕಥೆ ಇಲ್ಲಿರುವ ಪ್ರತಿಯೊಬ್ಬರ ಹತ್ತಿರವೂ ಇದೆ. ನಾನು ಒಂದು ಮೀಟಿಂಗಿಗೆ ದಾದರಿಗೆ ಹೋಗಿದ್ದವಳು, ಹಿಂದಿರುಗುವಾಗ ಸಯನ್‌ನಲ್ಲಿ ಬಸ್ಸಿನೊಳಗೆ ಉಳಿದೆ. ನಮ್ಮ ಶಾಲೆ ಕುರ್ಲಾ ಕಡೆ, ಮಿಠಿ ನದಿಯಿಂದ ದೂರವೇನಲ್ಲ. ಮಧ್ಯಾಹ್ನದ ಪಾಳಿಯ ಮಕ್ಕಳು ಒಳಗಿದ್ದರು. ನೆಲಮಹಡಿಗೆ ನೀರು ನುಗ್ಗಿತು, ಕರೆಂಟು ಹೋಯಿತು. ಇದ್ದ ಇಬ್ಬರು ಟೀಚರುಗಳು ಸಣ್ಣ ತರಗತಿಯವರನ್ನು ಸುಧಾರಿಸುವಷ್ಟರಲ್ಲಿ ಸುಸ್ತಾಗಿದ್ದರು.

ನನ್ನ ಗೈಡ್ ಕಂಪನಿಯಲ್ಲಿ ಸೇವಂತಿಗೆ ಎಂಬ ಪೆಟ್ರೋಲಿನ, ಅಂದರೆ ಹುಡುಗಿಯರ ಒಂದು ಪುಟ್ಟ ತಂಡದ, ಲೀಡರ್ ಒಂಬತ್ತನೆಯ ತರಗತಿಯ ಹುಡುಗಿ. ಅವಳ ಅಪ್ಪ ಸಾಕಿನಾಕಾದ ಹೋಟೆಲೊಂದರಲ್ಲಿ ದೋಸೆ ಕಾವಲಿಯ ಮುಂದೆ ನಿಲ್ಲುತ್ತಿದ್ದವರು. ಅವಳು ತನ್ನ ಏಳು ಜನರನ್ನು ಮೆಟ್ಟಿಲಿನ ತಿರುವುಗಳಲ್ಲಿ ನಿಲ್ಲಿಸಿ ಮಕ್ಕಳನ್ನೆಲ್ಲ ಎರಡನೇ ಮಹಡಿಗೆ ಹತ್ತಿಸಿದಳು. ಆಮೇಲೆ ಪೆಟ್ರೋಲಿನ ಲಾಗ್‌ಬುಕ್ ತೆಗೆದು ಗೆರೆ ಎಳೆದಳು. ಮಗುವಿನ ಹೆಸರು, ತರಗತಿ, ಕರೆದೊಯ್ಯಲು ಬಂದವರು ಯಾರು, ಎಷ್ಟು ಗಂಟೆಗೆ, ಸಹಿ. ಸಹಿ ಹಾಕದೆ ಯಾರ ಮಗುವನ್ನೂ ಬಿಡಲಿಲ್ಲ. ಆಡಳಿತ ಮಂಡಳಿಯ ಒಬ್ಬರು ಎದೆಮಟ್ಟದ ನೀರಿನಲ್ಲಿ ತಮ್ಮ ಮಗಳನ್ನು ಹುಡುಕಿಕೊಂಡು ಬಂದರಂತೆ. “ನಾನು ಯಾರು ಗೊತ್ತಾ?” ಅಂದರಂತೆ. “ಗೊತ್ತು ಸರ್, ಇಲ್ಲಿ ಸಹಿ” ಅಂದಳಂತೆ. ಕ್ಯಾಂಟೀನಿನಲ್ಲಿದ್ದ ಪಾರ್ಲೆ-ಜಿ ಪುಡಿಕೆಗಳನ್ನು ಮೂವರಿಗೆ ಒಂದರಂತೆ ಹಂಚಿ, ಎಷ್ಟು ಪುಡಿಕೆ ತೆಗೆದೆವೆಂದು ಕ್ಯಾಂಟೀನಿನವನಿಗೆ ಚೀಟಿಯನ್ನೂ ಬರೆದಿಟ್ಟಿದ್ದಳು. ಮರುದಿನ ನಾನು ಸೊಂಟದಷ್ಟು ನೀರಿನಲ್ಲಿ ಕಾಲೆಳೆದುಕೊಂಡು ತಲುಪಿದಾಗ ಪುಸ್ತಕ ಕೈಗಿಟ್ಟು, “ಬಾಯಿ, ಇನ್ನು ನಾಲ್ಕು ಮಕ್ಕಳು ಬಾಕಿ” ಅಂದಳು. ಆಮೇಲೆ ಅತ್ತಳು.

ಆ ವರ್ಷದ ವರದಿಯಲ್ಲಿ ಜುಲೈ ತಿಂಗಳಿಗೆ ಏನಿದೆ ಗೊತ್ತೇ? ‘ಮಳೆಯ ಕಾರಣ ಕಾರ್ಯಕ್ರಮ ರದ್ದು.’ ಬರೆದವಳು ನಾನೇ. ಯಾಕೆಂದರೆ ನಮೂನೆಯಲ್ಲಿ ನಾಲ್ಕು ಅಂಕಣ: ಕಾರ್ಯಕ್ರಮ, ದಿನಾಂಕ, ಮುಖ್ಯ ಅತಿಥಿ, ಫಲಾನುಭವಿಗಳ ಸಂಖ್ಯೆ. ಜುಲೈ 26ಕ್ಕೆ ಮುಖ್ಯ ಅತಿಥಿ ಇರಲಿಲ್ಲ. ವನಮಹೋತ್ಸವ ಇಟ್ಟುಕೊಂಡಿದ್ದೆವು, ಅದು ನಡೆಯಲಿಲ್ಲ, ಆದ್ದರಿಂದ ರದ್ದು. ಅದೇ ವರ್ಷ ಫೆಬ್ರವರಿ 22ರ ಚಿಂತನ ದಿನಕ್ಕೆ ಅರ್ಧ ಪುಟ ಕೊಟ್ಟಿದ್ದೇನೆ, ಫೋಟೋ ಸಮೇತ.

ಗೈಡ್ಸ್ ಇತಿಹಾಸ ಹೇಳಲು ಹೊರಟರೆ ಕೊನೆಯ ಸಾಲಿನವರ ಲೋಕಲ್ ತಪ್ಪುತ್ತದೆ. 1909ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನಲ್ಲಿ ಹುಡುಗರ ಸ್ಕೌಟ್ ಮೇಳಕ್ಕೆ ಕರೆಯದೇ ಬಂದ ಹುಡುಗಿಯರಿಂದ ಶುರುವಾದದ್ದು. 1911ರಲ್ಲಿ ಜಬಲ್‌ಪುರಕ್ಕೆ ಬಂತು. ಸ್ವಾತಂತ್ರ್ಯದ ನಂತರ 1950ರ ನವೆಂಬರ್ 7ರಂದು ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಆಯಿತು, ಮರುವರ್ಷ ಆಗಸ್ಟ್ 15ಕ್ಕೆ ಗೈಡ್ಸ್ ಅದರಲ್ಲಿ ಸೇರಿತು. ಇಲ್ಲೇ ಪುಣೆಯಲ್ಲಿ ‘ಸಂಗಮ್’ ಎಂಬ ವಿಶ್ವ ಕೇಂದ್ರ 1966ರಿಂದ ಇದೆ. ಇಷ್ಟು ಸಾಕು. ಕರೆಯದೇ ಬಂದ ಹುಡುಗಿಯರು ಎಂಬ ಮಾತು ಮಾತ್ರ ನೆನಪಿಟ್ಟುಕೊಳ್ಳಿ.

ನನ್ನ ಹುಚ್ಚು ಬೇರೆಯದು. ಅದಕ್ಕೆ ಉಮಾಬಾಯಿ ಕುಂದಾಪುರ ಎಂದು ಹೆಸರು. ಹುಬ್ಬಳ್ಳಿಯವರು ಅವರನ್ನು ತಮ್ಮವರೆನ್ನುತ್ತಾರೆ, ಮಂಗಳೂರಿನವರು ತಮ್ಮವರೆನ್ನುತ್ತಾರೆ. ಎರಡೂ ನಿಜ. ಅವರು ಮೊದಲು ಮುಂಬಯಿಯವರು ಎಂದು ವಾದಿಸುವವಳು ನಾನೊಬ್ಬಳೇ ಇರಬೇಕು.

ಹುಟ್ಟಿದ್ದು 1892, ಮಂಗಳೂರಿನಲ್ಲಿ, ಭವಾನಿ ಗೋಳಿಕೇರಿ ಎಂಬ ಹೆಸರಿನಲ್ಲಿ. ಬಾಲ್ಯದಲ್ಲೇ ಮುಂಬಯಿ, ಹದಿಮೂರಕ್ಕೆ ಮದುವೆ. ಗಂಡ ಸಂಜೀವರಾವ್ ಕುಂದಾಪುರ. ಮಾವ ಆನಂದರಾಯರದು ಆ ಕಾಲಕ್ಕೆ ಸ್ವಲ್ಪ ವಿಚಿತ್ರ ಎನ್ನಿಸುವ ಸ್ವಭಾವ. ಸೊಸೆಯನ್ನು ಕೂರಿಸಿ ಓದಿಸಿದರು, ಮೆಟ್ರಿಕ್ ಪಾಸು ಮಾಡಿಸಿದರು. ಮಾವ ಸೊಸೆ ಸೇರಿ ಗಾಮ್‌ದೇವಿಯ ಮಹಿಳಾ ಸಮಾಜದ ಮೂಲಕ ಹೆಂಗಸರಿಗೆ ಅಕ್ಷರ ಕಲಿಸಿದರು. ಕೆನರಾದಿಂದ ಬಂದ ಸಾರಸ್ವತರು 1915ರಲ್ಲಿ ಸಹಕಾರಿ ವಸತಿ ಸಂಘ ಕಟ್ಟಿಕೊಂಡ ಗಾಮ್‌ದೇವಿ, ಮಣಿಭವನದ ಗಾಮ್‌ದೇವಿ ಅದೇ. 1920ರ ಆಗಸ್ಟ್ 1ರಂದು ತಿಲಕರು ತೀರಿಕೊಂಡಾಗ ಮುಂಬಯಿಯ ಬೀದಿ ತುಂಬಿದ ಆ ಯಾತ್ರೆಯನ್ನು ಉಮಾಬಾಯಿ ಕಣ್ಣಾರೆ ಕಂಡರು. ಇನ್ನೂ ಚಿಕ್ಕ ಪ್ರಾಯದಲ್ಲೇ ಗಂಡ ಕ್ಷಯದಿಂದ ಹೋದರು. ಮಾವ ಸೊಸೆಯನ್ನು ಮೂಲೆಗೆ ಕೂರಿಸಲಿಲ್ಲ, ಹುಬ್ಬಳ್ಳಿಗೆ ಕರೆದುಕೊಂಡು ಹೋದರು. ಅಲ್ಲಿ ಕರ್ನಾಟಕ ಪ್ರೆಸ್ಸು, ತಿಲಕ ಕನ್ಯಾಶಾಲೆ, ಆಮೇಲೆ ಭಗಿನಿ ಮಂಡಲ. ಡಾ. ನಾ.ಸು. ಹರ್ಡೀಕರರು 1923ರಲ್ಲಿ ಕಾಂಗ್ರೆಸ್ ಸ್ವಯಂಸೇವಕರ ಹಿಂದುಸ್ತಾನಿ ಸೇವಾದಳ ಆರಂಭಿಸಿದಾಗ ಮಹಿಳಾ ವಿಭಾಗದ ಮುಂದಾಳತ್ವ ಉಮಾಬಾಯಿಯವರಿಗೆ ಬಂತು. 1924ರ ಡಿಸೆಂಬರಿನ ಬೆಳಗಾವಿ ಕಾಂಗ್ರೆಸ್ ಅಧಿವೇಶನ, ಗಾಂಧೀಜಿ ಅಧ್ಯಕ್ಷರಾದ ಒಂದೇ ಅಧಿವೇಶನ. ಅದಕ್ಕೆ ಉಮಾಬಾಯಿ ಊರೂರು ಸುತ್ತಿ 150ಕ್ಕೂ ಹೆಚ್ಚು ಸ್ವಯಂಸೇವಕಿಯರನ್ನು ಕೂಡಿಸಿದರು. ಅವರಲ್ಲಿ ವಿಧವೆಯರೂ ಇದ್ದರು.

ಅವರು ಮೊದಲು ಮುಂಬಯಿಯವರು ಎಂಬ ವಾದವನ್ನು ನನ್ನ ಒಬ್ಬ ಪ್ರೊಫೆಸರ್ ಮಿತ್ರರು ಒಪ್ಪುವುದಿಲ್ಲ. “ಸೇವಾದಳದ ಶಿಸ್ತು, ಕವಾಯತು ಎಲ್ಲ ಹರ್ಡೀಕರರದು. ಉಮಾಬಾಯಿ ಜನ ಕೂಡಿಸಿದರು, ಅಷ್ಟೇ. ಇದರಲ್ಲಿ ಮುಂಬಯಿಗೇನು ಪಾಲು?” ಎನ್ನುತ್ತಾರೆ. ಅಷ್ಟೇ ಅಂತೆ! 1924ರಲ್ಲಿ ಒಂದು ಮನೆಯ ವಿಧವೆ ಸೊಸೆಯನ್ನು ಖಾಕಿ ಹುಡುಗರು ಓಡಾಡುವ ಡೇರೆಗೆ ಕಳಿಸಿಕೊಡಿ ಎಂದು ಅತ್ತೆಯ ಹತ್ತಿರ ಕೇಳಿ ನೋಡಿ. ಕವಾಯತಿನಿಂದ ಆಗುವ ಕೆಲಸವಲ್ಲ ಅದು. ಹಿತ್ತಲ ಬಾಗಿಲಿನಿಂದ ಹೋಗಿ, ಅಡುಗೆಮನೆಯ ಹೊಸ್ತಿಲಲ್ಲಿ ಕೂತು, ಮೊದಲು ಅತ್ತೆಯ ಮಂಡಿನೋವಿನ ಬಗ್ಗೆ ಮಾತಾಡಿ, ಆಮೇಲೆ ವಿಷಯಕ್ಕೆ ಬರಬೇಕು. ಈ ವಿದ್ಯೆಯನ್ನು ಅವರು ಗಾಮ್‌ದೇವಿಯಲ್ಲಿ ಅಕ್ಷರ ಕಲಿಸಲು ಮನೆಮನೆಗೆ ಹೋಗಿ ಕಲಿತರು ಎಂಬುದು ನನ್ನ ವಾದ. ಕಾಗದದ ಸಾಕ್ಷಿ ಇಲ್ಲ ಎಂದು ಮಿತ್ರರು ಹೇಳುತ್ತಾರೆ. ಇಲ್ಲದ್ದಕ್ಕೆ ಕಾರಣವೂ ಇದೆ. 1932ರಲ್ಲಿ ಉಮಾಬಾಯಿ ಯರವಡ ಜೈಲಿನಲ್ಲಿದ್ದಾಗ ಮಾವ ತೀರಿಕೊಂಡರು. ನಾಲ್ಕು ತಿಂಗಳ ನಂತರ ಹೊರಗೆ ಬಂದರೆ ಪ್ರೆಸ್ಸು ಜಪ್ತಿಯಾಗಿತ್ತು, ಶಾಲೆಗೆ ಬೀಗಮುದ್ರೆ ಬಿದ್ದಿತ್ತು, ಭಗಿನಿ ಮಂಡಲ ಕಾನೂನುಬಾಹಿರವಾಗಿತ್ತು. ಯಾವ ಕಪಾಟಿನಲ್ಲಿ ಹುಡುಕಲಿ?

ಕಮಲಾದೇವಿ ಚಟ್ಟೋಪಾಧ್ಯಾಯರನ್ನು ನೀವೆಲ್ಲ ಬಲ್ಲಿರಿ. ಅವರೂ ಮಂಗಳೂರಿನವರೇ, ಸೇವಾದಳದವರೇ. 1930ರಲ್ಲಿ ಇದೇ ಮುಂಬಯಿಯಲ್ಲಿ ಉಪ್ಪು ಮಾರಿದವರು. ಕೇಸರಿ ಸೀರೆಯ ದೇಶಸೇವಿಕೆಯರು ಮೂಲ್‌ಜಿ ಜೇಠಾ ಮಾರುಕಟ್ಟೆಯ ವಿದೇಶಿ ಬಟ್ಟೆ ಅಂಗಡಿಗಳ ಮುಂದೆ ನಿಂತ ಚಿತ್ರ ಪುಸ್ತಕಗಳಲ್ಲಿದೆ. ಉಮಾಬಾಯಿ ಚಿತ್ರಕ್ಕೆ ಸಿಗುವವರಲ್ಲ. ಸ್ವಾತಂತ್ರ್ಯದ ನಂತರ ತಾಮ್ರಪತ್ರವನ್ನೂ ಬೇಡವೆಂದರು. 1992ರಲ್ಲಿ, ನೂರನೇ ವಯಸ್ಸಿನಲ್ಲಿ, ಹುಬ್ಬಳ್ಳಿಯಲ್ಲಿ ತೀರಿಕೊಂಡರು. ಆಗ ನಾನು ಕ್ಯಾಪ್ಟನ್ ಆಗಿದ್ದೆ. ಹುಬ್ಬಳ್ಳಿಗೆ ರಾತ್ರಿ ರೈಲು ಹತ್ತಿದ್ದರೆ ಬೆಳಗ್ಗೆ ಅವರ ಬಾಗಿಲಲ್ಲಿರಬಹುದಿತ್ತು. ಅವರ ಹೆಸರೇ ನನಗೆ ಗೊತ್ತಿರಲಿಲ್ಲ.

ಇಲ್ಲಿ ನನ್ನ ಗುರುಗಳ ಮಾತು ಬರಬೇಕು. ನಾನು ಉಡುಪಿ ಕಡೆಯಿಂದ ಬಂದು ಮುನ್ಸಿಪಾಲಿಟಿಯ ಕನ್ನಡ ಶಾಲೆಗೆ ಸೇರಿದಾಗ ಮಕ್ಕಳು ಟೀಚರನ್ನು ‘ಬಾಯಿ’ ಎಂದು ಕರೆಯುವುದು ಕೇಳಿ ನಕ್ಕಿದ್ದೆ. ಮರಾಠಿಯ ಗೌರವ ನಮಗೆ ಮುಖದ ಒಂದು ಭಾಗ. ನಮ್ಮ ಗೈಡ್ ಬಾಯಿಯವರಿಗೆ ಎರಡರ್ಥವೂ ಒಪ್ಪುತ್ತಿತ್ತು, ಅಷ್ಟು ಜೋರು. ಹಗ್ಗದ ಗಂಟು ಹಾಕಿಸುವರು, ಕಣ್ಣು ಮುಚ್ಚಿ ಬಿಚ್ಚಿಸುವರು. ಬಿಚ್ಚಲು ಬರದ ಗಂಟು ಹಾಕಿದರೆ ಬೆರಳಿಗೆ ಸ್ಕೇಲಿನ ಏಟು. ಹಣೆ ಬರಿದು, ಬಿಳಿ ಸೀರೆ. ಸಂಕ್ರಾಂತಿಯ ನಂತರ ಚಾಳಿನ ಕನ್ನಡ ಹೆಂಗಸರು ಅರಸಿನ ಕುಂಕುಮ ಇಟ್ಟುಕೊಂಡರೆ ಬಾಯಿ ಬೆಳಗ್ಗೆಯೇ ಬಂದು ಅಡುಗೆಮನೆಯಲ್ಲಿ ಎಳ್ಳುಂಡೆ ಕಟ್ಟುತ್ತಿದ್ದರು. ಸಂಜೆ ಬಾಗಿನ ಕೊಡುವ ಹೊತ್ತಿಗೆ ಕಾಣುತ್ತಿರಲಿಲ್ಲ. ಕೆಲಸ ಮುಗಿಯಿತು, ಹೋದರು ಎಂದುಕೊಂಡಿದ್ದೆ. ಯಾಕೆ ಹೋಗುತ್ತಿದ್ದರೆಂದು ತಿಳಿಯುವಷ್ಟು ನಾನು ದೊಡ್ಡವಳಾಗುವ ಮೊದಲೇ ಅವರಿಗೆ ವರ್ಗವಾಯಿತು.

ಈಗ ನಮ್ಮ ಸಂಘಗಳಿಗೆ ಬರೋಣ. ಕುರ್ಲಾದಿಂದ ಭಾಯಂದರ್ ತನಕ ಯಾವ ಕನ್ನಡ, ತುಳು ಸಂಘದ ವಾರ್ಷಿಕ ಮಹಾಸಭೆಗೆ ಬೇಕಾದರೂ ಹೋಗಿ. ವರದಿಯಲ್ಲಿ ಮಹಿಳಾ ವಿಭಾಗ, ಯುವ ವಿಭಾಗ ಎಂದು ಎರಡು ಪುಟ. ನೋಟ್‌ಬುಕ್ ವಿತರಣೆ, ಪ್ರತಿಭಾ ಪುರಸ್ಕಾರ, ಆಟಿಡೊಂಜಿ ದಿನ, ಅರಸಿನ ಕುಂಕುಮ. ಹುಡುಗಿಯರು ಎಲ್ಲಿದ್ದಾರೆ? ಬಾಗಿಲಲ್ಲಿ ಪನ್ನೀರು ದಾನಿ ಹಿಡಿದು, ವೇದಿಕೆಯಲ್ಲಿ ಶಾಲು ಹಾರದ ತಟ್ಟೆ ಹಿಡಿದು ನಿಂತಿದ್ದಾರೆ. ಅದನ್ನು ‘ಯುವತಿಯರ ಸಕ್ರಿಯ ಭಾಗವಹಿಸುವಿಕೆ’ ಎಂದು ಬರೆಯುತ್ತೇವೆ. ನೋಟ್‌ಬುಕ್ ಕೊಡುವುದನ್ನು ನಾನು ಹಳಿಯುತ್ತಿಲ್ಲ, ಅದೇ ನೋಟ್‌ಬುಕ್ಕಿನಿಂದ ಓದಿದವಳು ನಾನು. ಆದರೆ ಪಡೆದವರ ಎಣಿಕೆ ಇದೆ, ನಡೆಸಿದವರ ಎಣಿಕೆ ಇಲ್ಲ. ಈ ವರ್ಷ ಯಾವ ಹುಡುಗಿ ದೊಡ್ಡವರನ್ನು ಕೇಳದೆ ಒಂದು ತೀರ್ಮಾನ ಮಾಡಿದಳು, ಆ ತೀರ್ಮಾನ ತಪ್ಪಾದಾಗ ಯಾರು ಅವಳ ಬೆನ್ನಿಗೆ ನಿಂತರು ಎಂದು ಒಂದು ಅಂಕಣ ಇರಲಿ ಎಂದು ನಾನು ಒಂದು ಸಂಘದಲ್ಲಿ ಸೂಚಿಸಿದೆ. ಖಜಾಂಚಿಗಳು ನಕ್ಕು, “ಅದಕ್ಕೆ ವೋಚರ್ ಹೇಗೆ ಹಾಕುವುದು ಅಕ್ಕಾ?” ಎಂದರು. ಪಾಪ, ಅವರದೂ ಸರಿಯಾದ ಪ್ರಶ್ನೆಯೇ.

ಇನ್ನೊಂದು ಮಾತು, ಕೆಲವರಿಗೆ ಕಹಿಯಾದೀತು. ವಿಧವೆಯರನ್ನು ಮನೆಯಿಂದ ಹೊರಗೆ ತಂದು ಬೆಳಗಾವಿಯ ಡೇರೆಗಳಲ್ಲಿ ಕೆಲಸಕ್ಕೆ ನಿಲ್ಲಿಸಿದ ಉಮಾಬಾಯಿ ಇವತ್ತು ಬದುಕಿದ್ದರೆ, ನಮ್ಮ ಮಹಿಳಾ ವಿಭಾಗದ ಅತಿ ದೊಡ್ಡ ಕಾರ್ಯಕ್ರಮವಾದ ಅರಸಿನ ಕುಂಕುಮಕ್ಕೆ ಅವರಿಗೆ ಕರೆ ಹೋಗುತ್ತಿತ್ತೇ? ಹೋದರೂ ಸಂಜೆ ಹೊತ್ತಿಗೆ ನಮ್ಮ ಬಾಯಿಯವರ ಹಾಗೆ ಮರೆಯಾಗಬೇಕಿತ್ತಲ್ಲವೇ?

ಇಷ್ಟು ಗಟ್ಟಿಯಾಗಿ ಹೇಳಿದವಳು ತಾನು ಏನು ಮಾಡಿದಳು ಎಂದು ನೀವು ಕೇಳಬೇಕು. ಪ್ರತಿ ಜನವರಿ ಶಾಲೆಯಲ್ಲಿ ಅರಸಿನ ಕುಂಕುಮ ನಡೆಸಿದವಳು ನಾನೇ. ತಾಯಂದಿರು ಶಾಲೆಯ ಮೆಟ್ಟಿಲು ಹತ್ತುವ ದಿನ ಅದೊಂದೇ. ಕ್ಯಾಂಪಿಗೆ ಮಗಳನ್ನು ಕಳಿಸುವ ಒಪ್ಪಿಗೆ ಪತ್ರಕ್ಕೆ ಸಹಿ ಸಿಕ್ಕಿದ್ದು ಕುಂಕುಮ ಹಚ್ಚಿದ ಕೈಯಿಂದಲೇ. ಸೇವಂತಿಗೆಯ ಆ ಹುಡುಗಿಯ ತಾಯಿಯೂ ಹಾಗೇ ಸಹಿ ಹಾಕಿದ್ದು. ಅವಳು ಆ ಕ್ಯಾಂಪಿಗೆ ಬಂದಿರದಿದ್ದರೆ ಜುಲೈ 26ರಂದು ಮೆಟ್ಟಿಲ ತಿರುವಿನಲ್ಲಿ ಯಾರನ್ನು ಎಲ್ಲಿ ನಿಲ್ಲಿಸಬೇಕೆಂದು ಹೊಳೆಯುತ್ತಿತ್ತೋ ಇಲ್ಲವೋ. ಕುಂಕುಮದ ತಟ್ಟೆಯನ್ನು ಬಿಟ್ಟಿದ್ದರೆ ಹುಡುಗಿಯರು ಕೈತಪ್ಪುತ್ತಿದ್ದರು. ಹಿಡಿದದ್ದಕ್ಕೆ ಕೆಲವು ತಾಯಂದಿರು ಗೇಟಿನ ಹೊರಗೇ ಉಳಿದರು. ನಾನು ಮಾಡಿದ್ದು ಉಪಾಯವೋ, ಹೇಡಿತನವೋ? ಗಂಡು ಹೆಣ್ಣೆನ್ನದೆ ಎಲ್ಲ ಹಿರಿಯರ ಸೇವೆಗೆ ಹುಡುಗಿಯರನ್ನು ನಿಲ್ಲಿಸಿ ‘ನಾಯಕಿಯರು’ ಎಂದು ಬ್ಯಾಡ್ಜ್ ಹಚ್ಚಿದ್ದು ಸರಿಯೇ? ಬೆಳಗಾವಿಯ ಆ 150 ಹೆಂಗಸರಿಗೆ 1925ರ ಜನವರಿಯಲ್ಲಿ ಮನೆಯೊಳಗೆ ಏನು ಕಾದಿತ್ತು? ಪುನಃ ಅದೇ ಮೂಲೆಯೇ?

ಸೇವಂತಿಗೆಯ ಲಾಗ್‌ಬುಕ್ ಎಲ್ಲಿ ಎಂದು ಒಬ್ಬರು ಚೀಟಿಯಲ್ಲಿ ಕೇಳಿದ್ದಾರೆ. ಕೆಲವು ವರ್ಷದ ನಂತರ ಶಾಲೆಗೆ ಬಣ್ಣ ಹೊಡೆಸುವಾಗ ಕಪಾಟು ಖಾಲಿ ಮಾಡಿದರು. ನಾನು ರಜೆಯಲ್ಲಿದ್ದೆ. ಪುಸ್ತಕ ರದ್ದಿಗೆ ಹೋಯಿತು. ನಾನು ಬರೆದ ವಾರ್ಷಿಕ ವರದಿ ಮಾತ್ರ ಬೈಂಡಾಗಿ ಆಫೀಸಿನಲ್ಲಿ ಭದ್ರವಾಗಿದೆ.

ಆದ್ದರಿಂದ ಒಂದು ಬೇಡಿಕೆ. ನಿಮ್ಮ ಅಜ್ಜಿಯೋ ಮುತ್ತಜ್ಜಿಯೋ ಗಾಮ್‌ದೇವಿ, ಗಿರ್ಗಾಂವ್, ಗ್ರಾಂಟ್ ರೋಡ್ ಕಡೆ ಇದ್ದವರಾಗಿದ್ದರೆ ಟ್ರಂಕಿನ ತಳ ಒಮ್ಮೆ ನೋಡಿ. ಮಹಿಳಾ ಸಮಾಜದ ಒಂದು ರಸೀದಿ, ಒಂದು ಹಾಜರಿ ಪಟ್ಟಿ, ಮೋಡಿ ಅಕ್ಷರದಲ್ಲಿರಲಿ, ಕನ್ನಡದಲ್ಲಿರಲಿ, ರದ್ದಿಯವನಿಗೆ ತೂಗುವ ಮೊದಲು ಈ ಸಂಘದ ಆಫೀಸಿಗೆ ತಂದುಕೊಡಿ. ನಾನು ಶನಿವಾರ ಮಧ್ಯಾಹ್ನ ಇಲ್ಲೇ ಇರುತ್ತೇನೆ.