ಜಾರ್ಜರ ಬಂಗಲೆ ಮತ್ತು ಬರ್ಮಾದ ರಸ್ತೆ
(ಸಂಘದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ನೆರೆರಾಷ್ಟ್ರಗಳೊಡನೆ ನಮ್ಮ ದೇಶ ನಡೆದುಕೊಳ್ಳುವ ರೀತಿಯನ್ನು ಕುರಿತು ನಾಲ್ಕು ಮಾತನಾಡಬೇಕೆಂದು ಕಾರ್ಯದರ್ಶಿಗಳ ಅಪ್ಪಣೆಯಾಗಿದೆ. ಇದು ದೆಹಲಿಯ ದೊಡ್ಡವರ ವಿಷಯ, ದುಡಿಯುವ ನಮಗೇಕೆ ಎಂದು ತಾವು ಕೇಳಬಹುದು. ನಾನು ಬರ್ಮಾ ದೇಶವೊಂದನ್ನೇ, ಅಂದರೆ ಈಗಿನ ಮ್ಯಾನ್ಮಾರನ್ನೇ, ತೆಗೆದುಕೊಳ್ಳುತ್ತೇನೆ. ಆ ಕಥೆಯಲ್ಲಿ ನಮ್ಮವರೊಬ್ಬರಿದ್ದಾರೆ.

1988ರಲ್ಲಿ ಅಲ್ಲಿನ ಪ್ರಜೆಗಳು ಪ್ರಜಾಪ್ರಭುತ್ವಕ್ಕಾಗಿ ಬೀದಿಗಿಳಿದಾಗ ಸೇನೆ ಗುಂಡು ಹಾರಿಸಿತು. ಭಾರತವು ಪ್ರಜೆಗಳ ಪಕ್ಷ ವಹಿಸಿ, ಗಡಿ ದಾಟಿ ಬಂದ ವಿದ್ಯಾರ್ಥಿಗಳಿಗೆ ಆಶ್ರಯ ಕೊಟ್ಟಿತು. ಜನರಲ್‌ಗಳು ಮುನಿದು ಚೀನಾದ ಕಡೆ ವಾಲಿದರು. ನಮ್ಮ ಈಶಾನ್ಯದ ಬಂಡುಕೋರರಿಗಂತೂ ಗಡಿಯಾಚೆಯ ಕಾಡೇ ಅಡಗುದಾಣ. ಹೀಗಾಗಿ ಕೆಲವೇ ವರ್ಷಗಳಲ್ಲಿ ದೆಹಲಿ ಅವರೊಡನೆ ಮಾತುಕತೆಗೆ ಕುಳಿತಿತು. 2001ರ ಫೆಬ್ರವರಿಯಲ್ಲಿ, ಭಾರತ ಕಟ್ಟಿಸಿಕೊಟ್ಟ 160 ಕಿಲೋಮೀಟರ್ ರಸ್ತೆಯನ್ನು ವಿದೇಶಾಂಗ ಸಚಿವ ಜಸ್ವಂತ್ ಸಿಂಗರು ಗಡಿಯಾಚೆಯ ಟಾಮುವಿನಲ್ಲಿ ಉದ್ಘಾಟಿಸಿದರು.

ಆಗ ಅದೇ ಸರ್ಕಾರದ ರಕ್ಷಣಾ ಸಚಿವರು ಯಾರು? ಮಂಗಳೂರಿನಲ್ಲಿ ಹುಟ್ಟಿ, ಬರಿಗೈಯಲ್ಲಿ ಈ ಮುಂಬಯಿಗೆ ಬಂದು, ಚೌಪಾಟಿಯ ಬೆಂಚಿನ ಮೇಲೆ ಮಲಗಿ, ಮುಂದೆ ಟ್ಯಾಕ್ಸಿಯವರ ಮುಂದಾಳಾದ ಜಾರ್ಜ್ ಫರ್ನಾಂಡಿಸರು! ಅವರ ದೆಹಲಿಯ ಬಂಗಲೆಯಲ್ಲಿ, ಅವರು ಸಚಿವರಾಗಿದ್ದಾಗಲೂ, ಬರ್ಮಾದ ಹೋರಾಟಗಾರರಿಗೆ ನೆಲೆಯಿತ್ತು. ಇದನ್ನು ಇಬ್ಬಂದಿತನವೆಂದು ಹಳಿದವರುಂಟು. ನಾನು ಹಳಿಯಲಾರೆ. ಗದ್ದುಗೆಯ ಮೇಲೆ ಕುಳಿತವನೊಡನೆ ವ್ಯವಹಾರ ಮಾಡದೆ ವಿಧಿಯಿಲ್ಲ. ಹಾಗೆಂದು ಅವನಿಗೆ ಹೆದರಿ ಓಡಿಬಂದವನನ್ನು ಹೊರಗೆ ನಿಲ್ಲಿಸಬೇಕಾಗಿಲ್ಲ. ಮಾಲೀಕನೊಡನೆ ಒಪ್ಪಂದಕ್ಕೆ ಕೂರುವ ನಾವು, ಅವನು ಕೆಲಸದಿಂದ ತೆಗೆದವನಿಗೆ ಊಟ ಹಾಕುವುದನ್ನು ಬಿಡುತ್ತೇವೆಯೇ?

2021ರ ಫೆಬ್ರವರಿ 1ರಂದು ಸೇನೆ ಮತ್ತೆ ಅಧಿಕಾರ ಕಿತ್ತುಕೊಂಡಿತು. ಓಡಿಬರುವವರನ್ನು ಒಳಗೆ ಬಿಡಕೂಡದೆಂದು ಮಾರ್ಚಿಯಲ್ಲಿ ಗೃಹ ಸಚಿವಾಲಯದಿಂದ ಗಡಿ ರಾಜ್ಯಗಳಿಗೆ ಪತ್ರ ಹೋಯಿತು. ಮಿಜೋರಾಮ್ ಒಪ್ಪಲಿಲ್ಲ. ಬಂದವರು ತಮ್ಮ ರಕ್ತಸಂಬಂಧಿಗಳಾದ ಚಿನ್ ಜನರು, ಅವರ ಕಷ್ಟಕ್ಕೆ ಕಣ್ಣು ಮುಚ್ಚಲಾರೆವೆಂದು ಮುಖ್ಯಮಂತ್ರಿ ಜೋರಾಮ್‌ಥಾಂಗಾ ಪ್ರಧಾನಿಗೆ ಬರೆದರು. ಊರವರೂ ಚರ್ಚಿನವರೂ ಸೇರಿ ಅನ್ನ, ಸೂರು ಒದಗಿಸಿದರು. ಜೂನ್‌ನಲ್ಲಿ ವಿಶ್ವಸಂಸ್ಥೆಯ ಮಹಾಸಭೆಯಲ್ಲಿ 119 ರಾಷ್ಟ್ರಗಳು ಸೇನಾಕ್ರಮವನ್ನು ಖಂಡಿಸುವ ನಿರ್ಣಯಕ್ಕೆ ಮತ ಕೊಟ್ಟವು. ತಟಸ್ಥರಾಗಿ ಉಳಿದ 36ರಲ್ಲಿ ನಾವೂ ಒಬ್ಬರು.

ರಾಷ್ಟ್ರಹಿತಕ್ಕಾಗಿ ಎಂದರು. ಆಗಲಿ, ಹಿತವನ್ನೇ ಲೆಕ್ಕ ಹಾಕೋಣ. ಕೋಲ್ಕತ್ತಾದಿಂದ ಸಿತ್ವೆ ಬಂದರಿಗೆ, ಅಲ್ಲಿಂದ ಕಲಾದಾನ್ ನದಿಯಲ್ಲಿ ಪಲೇತ್ವಾಗೆ, ಮುಂದೆ ರಸ್ತೆಯಲ್ಲಿ ಮಿಜೋರಾಮಿಗೆ ಸರಕು ಸಾಗಿಸುವ ಯೋಜನೆಗೆ 2008ರಲ್ಲಿ ಒಪ್ಪಂದವಾಗಿತ್ತು. 2024ರ ಜನವರಿಯಲ್ಲಿ ಆ ಪಲೇತ್ವಾ ಅರಾಕಾನ್ ಸೈನ್ಯವೆಂಬ ಬಂಡುಕೋರರ ಕೈಸೇರಿತು. ಯಾರ ಮುಲಾಜಿಗೆ ಬಾಯಿ ಮುಚ್ಚಿಕೊಂಡಿದ್ದೆವೋ ಅವರಿಗೆ ನಮ್ಮ ದಾರಿಯ ಊರನ್ನು ಕಾಯಲಾಗಲಿಲ್ಲ.

ನೀತಿಯ ಮಾತಾಡುವ ನಮಗೂ ಒಂದು ಪೆಟ್ಟು ಬಿದ್ದದ್ದನ್ನು ಮರೆಮಾಚಬಾರದು. ನಾವು ತಲೆಯ ಮೇಲೆ ಹೊತ್ತು ಮೆರೆಸಿದ ಸೂ ಕೀಯವರೇ 2019ರ ಡಿಸೆಂಬರಿನಲ್ಲಿ ಹೇಗ್ ನ್ಯಾಯಾಲಯದಲ್ಲಿ ನಿಂತು, ರೊಹಿಂಗ್ಯಾ ಜನರ ವಿಷಯದಲ್ಲಿ ಸೇನೆಯ ಪರವಾಗಿ ವಾದಿಸಿದರು. ವ್ಯಕ್ತಿಯನ್ನು ನಂಬಿದವರಿಗೆ ನಾಚಿಕೆಯಾಯಿತು. ಮಿಜೋರಾಮಿನ ಹಳ್ಳಿಗರಿಗೆ ಆ ತೊಂದರೆಯಿರಲಿಲ್ಲ, ಅವರು ಹಸಿದವರನ್ನಷ್ಟೇ ನೋಡಿದ್ದರು.

ಆ ಶಿಬಿರಗಳಿಗೆ ಕಂಬಳಿ ಕಳುಹಿಸುವ ಸೂಚನೆ ಇಂದಿನ ಸಭೆಯ ಮುಂದಿದೆ. ಕೋಶಾಧಿಕಾರಿಗಳು ರಸೀದಿ ಪುಸ್ತಕ ಹಿಡಿದು ಬಾಗಿಲ ಬಳಿಯೇ ಕುಳಿತಿದ್ದಾರೆ.