ಪರಿಸರಶಾಸ್ತ್ರದ ವ್ಯಾಸಂಗ

(ಶ್ರೀಮಠದ ಜ್ಯೂಬಿಲಿ ಮಹೋತ್ಸವದ ವಿದ್ಯಾಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)

 

ವಿಶ್ವವಿದ್ಯಾಲಯಗಳಲ್ಲಿ ಈಗ ನಡೆಯುತ್ತಿರುವ ಪರಿಸರಶಾಸ್ತ್ರದ ವ್ಯಾಸಂಗವನ್ನು ಕುರಿತು ನಾಲ್ಕು ಮಾತುಗಳನ್ನಾಡಬೇಕೆಂದು ಶ್ರೀಗಳವರ ಅಪ್ಪಣೆಯಾಗಿರುವದು. ವಿಷಯವು ವಿಸ್ತಾರವಾದುದು, ಕಾಲವು ಅಲ್ಪವಾದುದು. ಆದುದರಿಂದ ಈ ಶಾಸ್ತ್ರವೆಂದರೇನು, ಅದನ್ನು ಕಲಿಯುವ ಬಗೆ ಹೇಗೆ, ನಮ್ಮ ನಾಡಿನ ಮಕ್ಕಳು ಅದನ್ನು ಕಲಿಯುವದರಿಂದ ಆಗತಕ್ಕ ಪ್ರಯೋಜನವೇನು ಎಂಬ ಮೂರು ಸಂಗತಿಗಳನ್ನಷ್ಟೇ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವೆನು.

ಶಾಸ್ತ್ರದ ಹೆಸರು ಹೊಸದಾದರೂ ಅದರ ತಿರುಳು ಮಠದ ಭಕ್ತರಿಗೆ ಹೊಸದಲ್ಲ. ನೂರಾರು ಜನರಿಗೆ ನಿತ್ಯವೂ ಪ್ರಸಾದದ ಏರ್ಪಾಡು ನಡೆಯುವ ಮಠದಲ್ಲಿ ಉಗ್ರಾಣದ ಹೊಣೆ ಹೊತ್ತವನು ಏನು ಮಾಡುವನು? ಸುಗ್ಗಿಯಲ್ಲಿ ಭಕ್ತರು ತಂದೊಪ್ಪಿಸಿದ ಜೋಳವೆಷ್ಟು, ಗೋದಿಯೆಷ್ಟು, ಬೇಳೆಯೆಷ್ಟು ಎಂಬುದನ್ನು ಬರೆದಿಡುವನು. ದಿನದಿನಕ್ಕೆ ಹೊರಬೀಳುವದನ್ನೂ ಬರೆದಿಡುವನು. ಬೀಜಕ್ಕೆಂದು ತೆಗೆದಿಟ್ಟ ಚೀಲಕ್ಕೆ ಕೈ ಹಚ್ಚುವದಿಲ್ಲ. ಇಲಿ, ನುಸಿ, ತೇವಗಳ ಕಡೆಗೆ ಸದಾ ಕಣ್ಣಿಟ್ಟಿರುವನು. ಈ ಲೆಕ್ಕವು ತಪ್ಪಿದರೆ, ಭಕ್ತಿಗೆ ಕೊರತೆಯಿಲ್ಲದಿದ್ದರೂ ದಾಸೋಹಕ್ಕೆ ಕೊರತೆ ಬರುವದು. ಪರಿಸರಶಾಸ್ತ್ರವು ಈ ಉಗ್ರಾಣದ ಲೆಕ್ಕವನ್ನೇ ನೆಲ, ಜಲ, ಗಾಳಿ, ಕಾಡುಗಳಿಗೆ ಹಚ್ಚಿ ನೋಡುತ್ತದೆ. ಒಳಬಂದುದಕ್ಕಿಂತ ಹೆಚ್ಚು ಹೊರಹೋಗದಂತೆ, ಬೀಜದ ಚೀಲವು ಬರಿದಾಗದಂತೆ ಬಾಳುವ ಸ್ಥಿತಿಗೆ ಪಂಡಿತರು ಸುಸ್ಥಿರತೆ ಎಂದು ಹೆಸರಿಟ್ಟಿರುವರು.

ಈ ವಿಚಾರವು ಪಶ್ಚಿಮದಲ್ಲಿ ಬರವಣಿಗೆಗೆ ಇಳಿದುದು ಗಣಿಗಳ ದೆಸೆಯಿಂದ. ಜರ್ಮನಿಯ ಸ್ಯಾಕ್ಸನಿ ಪ್ರಾಂತದಲ್ಲಿ ಬೆಳ್ಳಿಯ ಗಣಿಗಳಿದ್ದವು. ಗಣಿಗಳಿಗೆ ಆಧಾರದ ತೊಲೆಗಳು ಬೇಕು. ಅದಿರನ್ನು ಕರಗಿಸಲು ಇದ್ದಿಲು ಬೇಕು. ಸುತ್ತಣ ಕಾಡುಗಳು ಸವೆಯುತ್ತ ಬಂದಂತೆ, ಬೆಳ್ಳಿಯಿದ್ದರೂ ಕಟ್ಟಿಗೆಯಿಲ್ಲದೆ ಗಣಿಗಳು ನಿಲ್ಲುವ ಭಯವುಂಟಾಯಿತು. ಆಗ ಗಣಿಯ ಆಡಳಿತಗಾರನಾಗಿದ್ದ ಹ್ಯಾನ್ಸ್ ಕಾರ್ಲ್ ಫಾನ್ ಕಾರ್ಲೋವಿಟ್ಸ್ ಎಂಬಾತನು 1713ರಲ್ಲಿ ಅರಣ್ಯಪಾಲನೆಯನ್ನು ಕುರಿತು ಒಂದು ಗ್ರಂಥವನ್ನು ಬರೆದು, ಕಾಡು ಮತ್ತೆ ಬೆಳೆದುಕೊಡುವಷ್ಟನ್ನೇ ಕಡಿಯತಕ್ಕದ್ದೆಂಬ ತತ್ತ್ವವನ್ನು ಪ್ರತಿಪಾದಿಸಿದನು. ಕಾಡಿಗೆ ಹೇಳಿದ ಆ ಮಾತು ಕಾಲಕ್ರಮದಲ್ಲಿ ಜಗತ್ತಿಗೆಲ್ಲ ಅನ್ವಯಿಸಿತು. 1972ರಲ್ಲಿ ಸ್ಟಾಕ್‌ಹೋಮಿನಲ್ಲಿ ಸಂಯುಕ್ತ ರಾಷ್ಟ್ರಸಂಘದ ಪರಿಸರ ಸಮ್ಮೇಳನವು ನೆರೆಯಿತು. ನಾರ್ವೇ ದೇಶದ ಗ್ರೋ ಹಾರ್ಲೆಮ್ ಬ್ರುಂಟ್ಲಂಡ್ ಎಂಬ ಮಹಿಳೆಯ ಅಧ್ಯಕ್ಷತೆಯಲ್ಲಿ ಕೂಡಿದ ಆಯೋಗವು 1987ರಲ್ಲಿ ಕೊಟ್ಟ ವರದಿಯಲ್ಲಿ, ಇಂದಿನವರು ತಮ್ಮ ಅಗತ್ಯಗಳನ್ನು ಪೂರೈಸಿಕೊಳ್ಳುವಾಗ ಮುಂದಿನವರು ತಮ್ಮ ಅಗತ್ಯಗಳನ್ನು ಪೂರೈಸಿಕೊಳ್ಳುವ ಶಕ್ತಿಗೆ ಕುಂದು ತರಬಾರದೆಂಬ ಸೂತ್ರವು ಸ್ಪಷ್ಟವಾಯಿತು.

ವಿಶ್ವವಿದ್ಯಾಲಯಗಳು ಈ ವಿಷಯವನ್ನು ಕೈಕೊಂಡುದು ಇತ್ತೀಚೆಗೆ. ಇಂಗ್ಲಂಡಿನ ಈಸ್ಟ್ ಆಂಗ್ಲಿಯಾ ವಿಶ್ವವಿದ್ಯಾಲಯವು 1967ರಲ್ಲಿ ಪರಿಸರವಿಜ್ಞಾನಗಳಿಗೆಂದೇ ಒಂದು ಶಾಖೆಯನ್ನು ತೆರೆಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮಾಧವ ಗಾಡಗೀಳರ ಮುಂದಾಳ್ತನದಲ್ಲಿ 1983ರಲ್ಲಿ ಜೀವಿಪರಿಸರದ ಅಧ್ಯಯನ ಕೇಂದ್ರವು ಸ್ಥಾಪಿತವಾಯಿತು. ನ್ಯಾಯವಾದಿಗಳಾದ ಎಂ. ಸಿ. ಮೆಹತಾ ಅವರ ಅರ್ಜಿಯ ಮೇಲೆ 1991ರಲ್ಲಿ ನಮ್ಮ ದೇಶದ ಸರ್ವೋಚ್ಚ ನ್ಯಾಯಾಲಯವು, ಪರಿಸರದ ಪಾಠವನ್ನು ಶಾಲೆ ಕಾಲೇಜುಗಳಲ್ಲಿ ಕಡ್ಡಾಯ ಮಾಡಬೇಕೆಂದು ಅಪ್ಪಣೆ ಮಾಡಿತು. ಆ ಬಳಿಕ ವಿಶ್ವವಿದ್ಯಾಲಯ ಧನಸಹಾಯ ಆಯೋಗವು ಎಲ್ಲ ಶಾಖೆಗಳ ಪದವಿ ವಿದ್ಯಾರ್ಥಿಗಳಿಗೂ ಆರು ತಿಂಗಳ ಪಠ್ಯಕ್ರಮವನ್ನು ಗೊತ್ತುಪಡಿಸಿತು. ಆದರೆ ಕಡ್ಡಾಯವಾದುದೆಲ್ಲವೂ ಹೃದ್ಗತವಾಗುವದೆಂದು ಹೇಳಲಾಗದು. ಪರೀಕ್ಷೆಯ ಹಿಂದಿನ ರಾತ್ರಿ ಓದಿ ಮರುದಿನ ಮರೆಯುವ ಪಾಠವಾಗಿಯೇ ಅದು ಅನೇಕ ಕಡೆಗಳಲ್ಲಿ ಉಳಿದಿರುವದು. ನಾನು ಇಂದು ಮಾತನಾಡುತ್ತಿರುವದು ಈ ಆರು ತಿಂಗಳ ಪಾಠದ ವಿಷಯವಾಗಿ ಅಲ್ಲ. ಈ ಶಾಸ್ತ್ರವನ್ನೇ ತಮ್ಮ ಕಾಯಕವೆಂದು ಹಿಡಿಯತಕ್ಕ ಯುವಕ ಯುವತಿಯರ ವಿಷಯವಾಗಿ.

ಅಂಥವರು ಏನನ್ನು ಕಲಿಯಬೇಕಾಗುವದು? ಒಂದೇ ಉದಾಹರಣೆಯಿಂದ ಅದನ್ನು ವಿಶದಪಡಿಸುವೆನು. ಹೊಸಪೇಟೆಯ ಬಳಿಯ ತುಂಗಭದ್ರಾ ಜಲಾಶಯವನ್ನು ತಮ್ಮಲ್ಲಿ ಅನೇಕರು ಕಂಡಿರುವಿರಿ. 1953ರಲ್ಲಿ ಕಟ್ಟಡವು ಪೂರ್ಣವಾದಾಗ ಅದರಲ್ಲಿ ಸುಮಾರು 133 ಟಿ.ಎಂ.ಸಿ. ನೀರು ನಿಲ್ಲುವದೆಂದು ಲೆಕ್ಕವಿತ್ತು. ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ. ಇತ್ತೀಚಿನ ಅಳತೆಯ ಮೇರೆಗೆ ಅಲ್ಲಿ ನಿಲ್ಲತಕ್ಕ ನೀರು ಸುಮಾರು 106 ಟಿ.ಎಂ.ಸಿ. ಮಾತ್ರ. ಐದರಲ್ಲಿ ಒಂದು ಪಾಲಿನಷ್ಟು ಸ್ಥಳವನ್ನು ಹೂಳು ಆಕ್ರಮಿಸಿರುವದು. ಹೊರಗೆ ನಿಂತು ನೋಡುವವನಿಗೆ ತುಂಬಿದ ಜಲಾಶಯವು ಅಂದಿನಂತೆಯೇ ಸಮುದ್ರವಾಗಿ ಕಾಣುವದು. ಕಳೆದುಹೋದ ಪಾಲು ಕಣ್ಣಿಗೆ ಬೀಳುವದಿಲ್ಲ. ಅದು ತಿಳಿಯುವದು ಅಳೆದವನಿಗೆ ಮಾತ್ರ.

ಈ ಹೂಳು ಎಲ್ಲಿಂದ ಬಂತು? ಮೇಲಣ ಸೀಮೆಯ ಹೊಲಗಳಿಂದಲೂ ಬೋಳಾದ ಗುಡ್ಡಗಳಿಂದಲೂ ಮಳೆಯೊಡನೆ ಕೊಚ್ಚಿಬಂದ ಮಣ್ಣೇ ಇದು. ಮೇಲಿನ ರೈತನಿಗೆ ಫಲವತ್ತಾದ ಮಣ್ಣಿನ ನಷ್ಟ. ಕೆಳಗಿನ ರೈತನಿಗೆ ನೀರಿನ ನಷ್ಟ. ಇದನ್ನು ಅರಿಯಲು ಮಣ್ಣಿನ ಶಾಸ್ತ್ರವೂ ಮಳೆಯ ಲೆಕ್ಕವೂ ಅರಣ್ಯದ ಜ್ಞಾನವೂ ಬೇಕು. ಇನ್ನು ಜಲಾಶಯದ ಕೆಳಗೆ ಬನ್ನಿರಿ. ಎಡದಂಡೆಯ ಕಾಲುವೆಯನ್ನು ಬಹುಮಟ್ಟಿಗೆ ಕಡಿಮೆ ನೀರಿನ ಬೆಳೆಗಳಿಗಾಗಿ ಯೋಜಿಸಿದ್ದರು. ವಿಶಾಲವಾದ ಒಣಸೀಮೆಗೆ ಅಷ್ಟಷ್ಟು ನೀರನ್ನು ಹಂಚಿ ಬರದಿಂದ ರಕ್ಷಿಸಬೇಕೆಂಬುದು ಉದ್ದೇಶವಾಗಿತ್ತು. ಆದರೆ ಕಾಲುವೆಯ ಮೊದಲ ಭಾಗದಲ್ಲಿ ಭತ್ತದ ಗದ್ದೆಗಳು ಹಬ್ಬಿದವು. ಅಲ್ಲಿ ನೀರು ಹೆಚ್ಚಾಗಿ ನಿಂತು, ಬಸಿಗಾಲುವೆಗಳು ಸಾಲದೆ, ನೆಲದೊಳಗಿನ ನೀರು ಮೇಲಕ್ಕೇರಿತು. ಬಿಸಿಲಿಗೆ ನೀರು ಆರಿಹೋಗಿ ಉಪ್ಪು ಮಾತ್ರ ಮೇಲೆ ಉಳಿಯಿತು. ಹೀಗೆ ಸವಳು-ಜವಳು ಭೂಮಿ ಹುಟ್ಟಿತು. ಇತ್ತ ಒಬ್ಬನ ಹೊಲವು ನೀರು ಹೆಚ್ಚಾಗಿ ಕೆಡುತ್ತಿರಲು, ಅತ್ತ ಕಾಲುವೆಯ ಕೊನೆಯಲ್ಲಿರುವವನು ನೀರಿಲ್ಲದೆ ಕೆಡುತ್ತಿರುವನು. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದವರು ಇಂಥ ಭೂಮಿಯನ್ನು ತಿದ್ದುವ ಉಪಾಯಗಳನ್ನು ಶೋಧಿಸಿರುವರು. ಆದರೆ ನೆಲವನ್ನು ತಿದ್ದುವ ಉಪಾಯದೊಡನೆ ನೀರಿನ ಸರದಿಯನ್ನು ತಿದ್ದುವ ಉಪಾಯವೂ ಬೇಕು. ಅದಕ್ಕೆ ಕಾಯಿದೆ, ಅರ್ಥಶಾಸ್ತ್ರ, ಜನರೊಡನೆ ಕುಳಿತು ಮಾತನಾಡುವ ತಾಳ್ಮೆ, ಇವೆಲ್ಲ ಅವಶ್ಯವು.

ಈ ಒಂದು ಜಲಾಶಯದ ಕಥೆಯಲ್ಲಿ ಎಷ್ಟು ಶಾಸ್ತ್ರಗಳು ಬಂದುವೆಂಬುದನ್ನು ಗಮನಿಸಬೇಕು. ಒಂದೊಂದು ಶಾಸ್ತ್ರದ ಪಂಡಿತನು ತನ್ನ ಪಾಲನ್ನು ಬಲ್ಲನು. ಮಣ್ಣು ನೀರಾಗಿ, ನೀರು ಉಪ್ಪಾಗಿ, ಉಪ್ಪು ಸಾಲವಾಗಿ ರೈತನ ಮನೆ ಬಾಗಿಲಿಗೆ ಬರುವ ಹಾದಿಯನ್ನು ಮೊದಲಿನಿಂದ ಕಡೆಯವರೆಗೆ ಹಿಂಬಾಲಿಸುವವನು ಬೇಕಾಗಿರುವನು. ಅವನೇ ಪರಿಸರಶಾಸ್ತ್ರದ ವಿದ್ಯಾರ್ಥಿ.

ಇಲ್ಲಿ ಕೆಲವು ಹಿರಿಯರು ಒಂದು ಮಾತನ್ನು ಕೇಳುವದುಂಟು: “ನಮ್ಮ ಪೂರ್ವಿಕರು ಯಾವ ಕಾಲೇಜಿಗೂ ಹೋಗದೆ ಕೆರೆಗಳನ್ನು ಕಟ್ಟಿ, ಕಾಡುಗಳನ್ನು ಕಾಯ್ದು ಬಾಳಲಿಲ್ಲವೇ?” ಎಂದು. ನಿಜವಾಗಿಯೂ ಬಾಳಿದರು. ಕೆರೆಯ ಏರಿ, ತೂಬು, ಕೋಡಿಗಳ ಮರ್ಮವನ್ನು ಅವರು ಬಲ್ಲವರಾಗಿದ್ದರು. ಬೇಸಿಗೆಯಲ್ಲಿ ಹೂಳೆತ್ತಿ ಹೊಲಕ್ಕೆ ಹರಡುವದನ್ನು ಬಲ್ಲವರಾಗಿದ್ದರು. ನೀರುಗಂಟಿಯು ಹಂಚಿದ ಸರದಿಯನ್ನು ಊರೆಲ್ಲ ಮನ್ನಿಸುತ್ತಿತ್ತು. ಆ ತಿಳುವಳಿಕೆಯನ್ನು ಇಂದಿನ ವಿದ್ಯಾರ್ಥಿಯು ವಿನಯದಿಂದ ಕಲಿಯತಕ್ಕದ್ದು. ಆದರೆ ಪೂರ್ವಿಕರ ಕಾಲದಲ್ಲಿ ಇಲ್ಲದಿದ್ದ ತೊಂದರೆಗಳು ಈಗ ಬಂದಿರುವವು. ಬಯಲುಸೀಮೆಯ ಕೊಳವೆಬಾವಿಯ ನೀರನ್ನೇ ನೋಡಿರಿ. ಅಲ್ಲಿಯ ಗ್ರಾನೈಟ್ ಮೊದಲಾದ ಶಿಲೆಗಳಲ್ಲಿ ಫ್ಲೋರೈಡ್ ಉಳ್ಳ ಖನಿಜಗಳುಂಟು. ಮೇಲಣ ಬಾವಿಗಳು ಬತ್ತಿ ನಾವು ಆಳಕ್ಕೆ ಇಳಿದಂತೆ, ಬಹುಕಾಲ ಬಂಡೆಯ ಸಂಗದಲ್ಲಿದ್ದ ನೀರನ್ನು ಮೇಲೆತ್ತಿ ಕುಡಿಯುತ್ತಿರುವೆವು. ಒಂದು ಲೀಟರ್ ನೀರಿನಲ್ಲಿ ಫ್ಲೋರೈಡ್ ಒಂದು ಮಿಲಿಗ್ರಾಮಿನೊಳಗೆ ಇರಬೇಕು. ಬೇರೆ ನೀರು ದೊರೆಯದಲ್ಲಿ ಒಂದೂವರೆ ಮಿಲಿಗ್ರಾಮಿನವರೆಗೆ ಸಹಿಸಬಹುದು ಎಂಬುದು ನಮ್ಮ ದೇಶದ ಮಾನದಂಡ. ಅದನ್ನು ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದ ಮಕ್ಕಳ ಹಲ್ಲುಗಳು ಕಲೆಗಟ್ಟುವವು. ಪ್ರಮಾಣವು ಇನ್ನೂ ಹೆಚ್ಚಾದರೆ ಎಲುಬು ಕೀಲುಗಳು ಬಿಗಿದು ಬೆನ್ನು ಬಾಗುವದು. ಈ ವಿಷಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ನೀರನ್ನು ಕಾಯಿಸಿದರೆ ರೋಗಾಣುಗಳು ಸಾಯುವವು, ಫ್ಲೋರೈಡ್ ಹೋಗುವದಿಲ್ಲ. ಇದನ್ನು ತಾಯಿಯ ಕಣ್ಣೂ ಕಾಣದು, ಹಿರಿಯರ ಅನುಭವವೂ ಕಾಣದು. ಪ್ರಯೋಗಶಾಲೆಯ ಸೀಸೆಯೇ ಹೇಳಬೇಕು.

ಈಗ ಅನೇಕ ಹಳ್ಳಿಗಳಲ್ಲಿ ಶುದ್ಧ ನೀರಿನ ಘಟಕಗಳು ಬಂದಿರುವವು. ಬಹಳ ಒಳ್ಳೆಯದು. ಆದರೆ ಅವುಗಳಲ್ಲಿ ಅನೇಕವು ಒಳಗೆ ಬಂದ ನೀರಿನ ಒಂದು ಭಾಗವನ್ನು ಶುದ್ಧ ಮಾಡಿ, ಉಳಿದ ಭಾಗದಲ್ಲಿ ಲವಣವನ್ನೆಲ್ಲ ಕೂಡಿಸಿ ಹೊರಗೆ ಬಿಡುವವು. ಆ ಬಿಟ್ಟ ನೀರು ಎಲ್ಲಿಗೆ ಹೋಗುವದು? ಚರಂಡಿಗೆ, ಅಲ್ಲಿಂದ ಹಳ್ಳಕ್ಕೆ, ಹಳ್ಳದಿಂದ ಮತ್ತೆ ನೆಲದೊಳಕ್ಕೆ. “ಅದು ಎಲ್ಲಿಗೆ ಹೋಗುವದು?” ಎಂಬ ಈ ಪ್ರಶ್ನೆಯನ್ನು ಬಿಡದೆ ಕೇಳುವದೇ ಈ ವ್ಯಾಸಂಗದ ಮೊದಲ ಪಾಠವೆಂದು ವಿದ್ಯಾರ್ಥಿಗಳು ತಿಳಿಯಬೇಕು.

ಎರಡನೆಯ ಆಕ್ಷೇಪಣೆಯು ತಾಯಿತಂದೆಗಳದು. “ಈ ವಿದ್ಯೆಯಿಂದ ಹೊಟ್ಟೆ ತುಂಬುವದೇ?” ಎಂದು ಅವರು ಕೇಳುವರು. ಹೊಲ ಒತ್ತೆಯಿಟ್ಟು ಮಗನನ್ನೋ ಮಗಳನ್ನೋ ಓದಿಸುವವರ ಈ ಪ್ರಶ್ನೆಯನ್ನು ಯಾರೂ ಹಗುರಾಗಿ ಎಣಿಸಬಾರದು. ವೈದ್ಯಕೀಯ, ಇಂಜನಿಯರಿಂಗ್ ಪದವಿಗಳ ಮುಂದೆ ಇರುವಂಥ ನೇರವಾದ ಹೆದ್ದಾರಿಯು ಇಲ್ಲಿ ಇಲ್ಲವೆಂಬುದು ನಿಜ. ಆದರೆ ದಾರಿಗಳು ಇಲ್ಲದೆ ಇಲ್ಲ. 1974ರ ಜಲಮಾಲಿನ್ಯದ ಕಾಯಿದೆಯ ಮೇರೆಗೆ ಮಾಲಿನ್ಯ ನಿಯಂತ್ರಣ ಮಂಡಳಿಗಳು ಹುಟ್ಟಿದವು. 1984ರ ಡಿಸೆಂಬರದಲ್ಲಿ ಭೋಪಾಲದ ವಿಷಾನಿಲವು ಸಾವಿರಾರು ಜನರನ್ನು ಬಲಿಗೊಂಡ ತರುವಾಯ 1986ರಲ್ಲಿ ಪರಿಸರ ಸಂರಕ್ಷಣೆಯ ಕಾಯಿದೆಯು ಬಂದಿತು. ದೊಡ್ಡ ಕಾರ್ಖಾನೆ, ಗಣಿ, ಅಣೆಕಟ್ಟುಗಳನ್ನು ಆರಂಭಿಸುವ ಮುಂಚೆ ಪರಿಣಾಮವನ್ನು ಪರೀಕ್ಷಿಸಿ ವರದಿ ಒಪ್ಪಿಸಬೇಕೆಂಬ ನಿಯಮವು 1994ರಲ್ಲಿ ಜಾರಿಗೆ ಬಂದು 2006ರಲ್ಲಿ ಹೊಸ ರೂಪ ತಾಳಿತು. ಶೇರುಪೇಟೆಯ ಮೊದಲ ಸಾವಿರ ಕಂಪನಿಗಳು ತಮ್ಮ ನೀರು, ಇಂಧನ, ಕಸಗಳ ಲೆಕ್ಕವನ್ನು ಪ್ರಕಟಿಸಬೇಕೆಂಬ ಕಟ್ಟಳೆಯು 2022-23ನೆಯ ಸಾಲಿನಿಂದ ಕಡ್ಡಾಯವಾಗಿರುವದು. ಈ ಲೆಕ್ಕಗಳನ್ನೆಲ್ಲ ಬರೆಯುವವರೂ ಬೇಕು, ಬರೆದುದು ಸತ್ಯವೋ ಸುಳ್ಳೋ ಎಂದು ಪರೀಕ್ಷಿಸುವವರೂ ಬೇಕು.

ವಿದ್ಯಾರ್ಥಿಗಳಿಗೆ ಒಂದು ಹಿತವಚನವನ್ನು ಇಲ್ಲಿಯೇ ಹೇಳುವೆನು. ರಸಾಯನಶಾಸ್ತ್ರ, ಜೀವಶಾಸ್ತ್ರ, ಭೂಗರ್ಭಶಾಸ್ತ್ರ, ಕೃಷಿ ಇವುಗಳಲ್ಲಿ ಯಾವುದಾದರೊಂದನ್ನು ಮೊದಲು ಗಟ್ಟಿಯಾಗಿ ಕಲಿಯಿರಿ. ಗಣಿತವನ್ನು ದೂರ ಮಾಡಬೇಡಿರಿ. ಎಲ್ಲವನ್ನೂ ಮೇಲುಮೇಲೆ ಅರಿತವನು ಸಭೆಯಲ್ಲಿ ಮಾತನಾಡಬಲ್ಲನಲ್ಲದೆ ಸಂಕಟದಲ್ಲಿ ನೆರವಾಗಲಾರನು. ಕಾಲೇಜನ್ನು ಆರಿಸುವಾಗ ಕಟ್ಟಡದ ಸೊಬಗನ್ನು ನೋಡಬೇಡಿರಿ. ಪ್ರಯೋಗಶಾಲೆಯಲ್ಲಿ ಉಪಕರಣಗಳು ನಡೆಯುತ್ತಿರುವವೋ, ಗುರುಗಳು ಶಿಷ್ಯರನ್ನು ಕೆರೆ, ಕಾಡು, ಹೊಲಗಳಿಗೆ ಕರೆದೊಯ್ಯುವರೋ ಎಂದು ವಿಚಾರಿಸಿರಿ. ಅಳೆದ ಅಂಕಿಯು ನಿಮ್ಮ ಮನಸ್ಸಿಗೆ ಒಪ್ಪದಿದ್ದರೂ ಅದನ್ನು ಇದ್ದಂತೆಯೇ ಬರೆಯಿರಿ. ಧಣಿಯ ಮುಖ ನೋಡಿ ಅಂಕಿಯನ್ನು ತಿದ್ದಿದವನು ಊರಿನ ನೀರಿಗೆ ವಿಷವಿಕ್ಕಿದವನಿಗೆ ಸಮಾನನು. ಮತ್ತು ಕಲಿತುದನ್ನು ಕನ್ನಡದಲ್ಲಿ ಹೇಳಲು ಕಲಿಯಿರಿ. ಕೊಳವೆಬಾವಿಯ ನೀರಿನ ಸಂಗತಿಯು ಇಂಗ್ಲಿಷ್ ವರದಿಯಲ್ಲಿ ಅಡಗಿದ್ದರೆ ಆ ನೀರನ್ನು ಸೇದುವ ತಾಯಿಗೆ ಅದರಿಂದೇನು ಫಲ?

ಕೊನೆಯದಾಗಿ ಶ್ರೀಮಠದ ಭಕ್ತಮಂಡಲಕ್ಕೆ ಎರಡು ಬಿನ್ನಹಗಳು. ಬಡಮಕ್ಕಳಿಗೆ ಅನ್ನವನ್ನೂ ಅಕ್ಷರವನ್ನೂ ಒಟ್ಟಿಗೇ ನೀಡಿದ ಮಠಗಳ ಉಪಕಾರವನ್ನು ಈ ನಾಡು ಬಲ್ಲದು. ಪ್ರಸಾದನಿಲಯದ ವಿದ್ಯಾರ್ಥಿಗಳಿಂದಲೇ ಈ ಹೊಸ ಕಾಯಕವು ಆರಂಭವಾಗಲಿ. ನಿಲಯಕ್ಕೆ ದಿನವೂ ಬರುವ ನೀರೆಷ್ಟು, ಉರಿಯುವ ಇಂಧನವೆಷ್ಟು, ಎಲೆಯಲ್ಲಿ ಉಳಿಯುವ ಅನ್ನವೆಷ್ಟು, ಬಚ್ಚಲ ನೀರು ಹರಿಯುವದೆಲ್ಲಿಗೆ ಎಂಬುದನ್ನು ಅವರು ಒಂದು ವರ್ಷ ಬರೆದಿಡಲಿ. ಆ ಪುಸ್ತಕವೇ ಅವರಿಗೆ ಮೊದಲ ಪಠ್ಯವಾಗುವದು. ಎರಡನೆಯದು: ಭಕ್ತರ ಊರುಗಳಲ್ಲಿ ಕುಡಿಯುವ ನೀರನ್ನು ವರ್ಷಕ್ಕೆರಡು ಸಲ, ಮಳೆಗಾಲದ ಮುಂಚೆ ಒಮ್ಮೆ, ಅನಂತರ ಒಮ್ಮೆ, ಪರೀಕ್ಷಿಸಿ, ಅಂಕಿಗಳನ್ನು ಚಾವಡಿಯ ಗೋಡೆಯ ಮೇಲೆ ಎಲ್ಲರಿಗೂ ಕಾಣುವಂತೆ ಬರೆಯಿಸುವ ಕಾರ್ಯಕ್ಕೆ ಈ ವಿದ್ಯೆಯನ್ನು ಕಲಿತ ತರುಣರನ್ನು ನಿಯಮಿಸಬೇಕು. ಕಲಿತವರಿಗೆ ಊರಿನಲ್ಲಿ ಕೆಲಸವುಂಟೆಂದು ತಿಳಿದರೆ, ಕಲಿಯಲು ಮುಂದೆ ಬರುವವರೂ ಉಂಟಾಗುವರು.

ಮುಂದಿನ ಜ್ಯೂಬಿಲಿಯನ್ನು ನಡೆಯಿಸುವವರು ಇಂದು ತೊಟ್ಟಿಲಲ್ಲಿರುವ ಕೂಸುಗಳು. ಅವರ ಕೈಗೆ ನಾವು ಒಪ್ಪಿಸತಕ್ಕ ಉಗ್ರಾಣದಲ್ಲಿ ಬೀಜದ ಚೀಲವು ಇರಬೇಕು. ಅದರೊಡನೆ ಲೆಕ್ಕದ ಪುಸ್ತಕವೂ ಇರಬೇಕು. ಅದಕ್ಕೆ ಬೇಕಾದ ಬುದ್ಧಿಯನ್ನೂ ಬಲವನ್ನೂ ಶ್ರೀಗಳವರು ನಮಗೆಲ್ಲರಿಗೂ ಹರಸಬೇಕೆಂದು ಪ್ರಾರ್ಥಿಸಿ, ನನ್ನ ಮಾತುಗಳನ್ನು ಮುಗಿಸುವೆನು.

ಸರ್ವರಿಗೂ ಮಂಗಳವಾಗಲಿ.