ಕಸುಬಿನವರ ಕಣ್ಣಿನಲ್ಲಿ ಕಸುಬಿನ ಶಾಲೆ: ವೃತ್ತಿ ಶಿಕ್ಷಣದ ಗುಣಮಟ್ಟಕ್ಕೆ ಸಹವೃತ್ತಿ ಪರಾಮರ್ಶೆ

ನರಿಮೊಗರು ಹಾಗೂ ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ಗ್ರಾಮ ಪಂಚಾಯತ್ ಸದಸ್ಯರನ್ನು ಉದ್ದೇಶಿಸಿದ ಉಪನ್ಯಾಸದ ಪಠ್ಯ



ಸಂವಿಧಾನದ 73ನೇ ತಿದ್ದುಪಡಿಯೊಡನೆ ಬಂದ ಹನ್ನೊಂದನೇ ಅನುಸೂಚಿಯಲ್ಲಿ ಪಂಚಾಯತ್‌ಗಳಿಗೆ ವಹಿಸಬಹುದಾದ 29 ವಿಷಯಗಳ ಪಟ್ಟಿಯಿದೆ. ಕುಡಿಯುವ ನೀರು, ರಸ್ತೆ, ವಸತಿ, ಬೀದಿದೀಪಕ್ಕೆ ಬೇಕಾದ ವಿದ್ಯುತ್ತು ಇವೆಲ್ಲ ಸಾಮಾನ್ಯ ಸಭೆಯ ಕಾರ್ಯಸೂಚಿಯಲ್ಲಿ ತಿಂಗಳು ತಿಂಗಳೂ ಕಾಣಿಸಿಕೊಳ್ಳುತ್ತವೆ. ಆ ಪಟ್ಟಿಯ 18ನೇ ವಿಷಯ ಮಾತ್ರ ವರ್ಷಕ್ಕೊಮ್ಮೆಯಾದರೂ ಚರ್ಚೆಗೆ ಬರುವುದು ಅಪರೂಪ. ಅದು ತಾಂತ್ರಿಕ ತರಬೇತಿ ಮತ್ತು ವೃತ್ತಿ ಶಿಕ್ಷಣ. ಐ.ಟಿ.ಐ.ಗಳು ಇಲಾಖೆಗೆ ಅಥವಾ ಖಾಸಗಿ ಆಡಳಿತ ಮಂಡಳಿಗಳಿಗೆ ಸೇರಿದವು, ಅಲ್ಲಿ ಪಂಚಾಯತಿಗೆ ಏನು ಕೆಲಸ ಎಂಬ ಪ್ರಶ್ನೆ ಸಹಜವೇ. ಆದರೆ ಅಲ್ಲಿಗೆ ಸೇರುವ ಮಕ್ಕಳು ಪಂಚಾಯತಿನ ವಾರ್ಡುಗಳವರು. ಕಲಿತು ಹೊರಬಂದ ಮೇಲೆ ಅವರಲ್ಲಿ ಅನೇಕರು ಕೆಲಸ ಮಾಡುವುದೂ ಇದೇ ವಾರ್ಡುಗಳ ಮನೆ, ತೋಟ, ಪಂಪ್‌ಹೌಸುಗಳಲ್ಲಿ.

ಅಡಿಕೆ ತೋಟದ ಪಂಪ್‌ಸೆಟ್ಟಿನ ಉದಾಹರಣೆಯನ್ನೇ ತೆಗೆದುಕೊಳ್ಳಬಹುದು. ಎಲೆಕ್ಟ್ರಿಷಿಯನ್ ವೃತ್ತಿಯ ತರಬೇತಿ ಎರಡು ವರ್ಷಗಳದು. ಅರ್ಥಿಂಗ್ ಎಂಬ ಪಾಠ ಅದರಲ್ಲಿ ಇದ್ದೇ ಇದೆ. ಒಬ್ಬ ಪ್ರಶಿಕ್ಷಣಾರ್ಥಿ ಗುಂಡಿ ತೋಡಿ, ಇದ್ದಿಲು ಮತ್ತು ಉಪ್ಪು ತುಂಬಿ, ಎಲೆಕ್ಟ್ರೋಡ್ ಇಳಿಸಿ, ಅರ್ಥ್ ಟೆಸ್ಟರಿನಲ್ಲಿ ರೋಧವನ್ನು ಅಳೆದು ನೋಡಿ ಪ್ರಮಾಣಪತ್ರ ಪಡೆದಿರಬಹುದು. ಅದೇ ಪಾಠದ ಚಿತ್ರವನ್ನು ದಾಖಲೆ ಪುಸ್ತಕದಲ್ಲಿ ಅಂದವಾಗಿ ಬರೆದು ಮತ್ತೊಬ್ಬನೂ ಪಡೆದಿರಬಹುದು. ಎರಡು ಪ್ರಮಾಣಪತ್ರಗಳಲ್ಲಿಯೂ ಒಂದೇ ಮುದ್ರೆ. ಜುಲೈ ತಿಂಗಳ ಮಳೆಯಲ್ಲಿ ಒದ್ದೆ ಕೈಯಿಂದ ಸ್ಟಾರ್ಟರ್ ಮುಟ್ಟುವ ಕೃಷಿಕನಿಗೆ ಮಾತ್ರ ಈ ಎರಡರ ನಡುವಿನ ವ್ಯತ್ಯಾಸ ಜೀವಕ್ಕೆ ಸಂಬಂಧಿಸಿದ್ದು. ವೃತ್ತಿ ಶಿಕ್ಷಣದ ಗುಣಮಟ್ಟವೆಂಬುದು ಇಲಾಖೆಯ ಕಡತದ ಮಾತಾಗಿಯೇ ಉಳಿಯಲಾರದು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಗುಣಮಟ್ಟವನ್ನು ಅಳೆಯುವ ವ್ಯವಸ್ಥೆ ಇಲ್ಲವೆಂದಲ್ಲ. ದೇಶದಲ್ಲಿ ಕುಶಲಕರ್ಮಿ ತರಬೇತಿ ಯೋಜನೆ 1950ರಲ್ಲಿ ಆರಂಭವಾದಂದಿನಿಂದ ಪಠ್ಯಕ್ರಮ, ಅಖಿಲ ಭಾರತ ಮಟ್ಟದ ವೃತ್ತಿ ಪರೀಕ್ಷೆ, ಮಾನ್ಯತೆ, ತಪಾಸಣೆ ಎಲ್ಲವೂ ಬೆಳೆದು ಬಂದಿವೆ. ಇತ್ತೀಚಿನ ವರ್ಷಗಳಲ್ಲಿ ಐ.ಟಿ.ಐ.ಗಳಿಗೆ ಶ್ರೇಣಿ ನೀಡುವ ಕ್ರಮವೂ ಬಂದಿದೆ. ಕರ್ನಾಟಕದಲ್ಲಿ ಟಾಟಾ ಟೆಕ್ನಾಲಜೀಸ್ ಸಹಯೋಗದಲ್ಲಿ 150 ಸರಕಾರಿ ಐ.ಟಿ.ಐ.ಗಳನ್ನು ಮೇಲ್ದರ್ಜೆಗೇರಿಸಿ ಹೊಸ ಯಂತ್ರೋಪಕರಣಗಳನ್ನು ಒದಗಿಸಲಾಗಿದೆ. ಇವೆಲ್ಲ ಬೇಕಾದವೇ. ಆದರೆ ತಪಾಸಣಾಧಿಕಾರಿ ನೋಡುವುದು ದಾಸ್ತಾನು ವಹಿಯನ್ನು. ವಹಿಯಲ್ಲಿ 20 ಬೆಂಚ್ ವೈಸ್ ಇದ್ದರೆ ಎಣಿಸಿ 20 ಎಂದು ಗುರುತು ಹಾಕುತ್ತಾರೆ. ಇನ್ನೊಂದು ಐ.ಟಿ.ಐ.ಯ ಫಿಟ್ಟರ್ ವಿಭಾಗದ ಕಿರಿಯ ತರಬೇತಿ ಅಧಿಕಾರಿ ಅದೇ ಕೊಠಡಿಗೆ ಬಂದರೆ ಎಣಿಸಲು ಹೋಗುವುದಿಲ್ಲ. ವೈಸಿನ ದವಡೆ ಸವೆದಿದೆಯೇ ಎಂದು ಬೆರಳಾಡಿಸಿ ನೋಡುತ್ತಾರೆ. ಅರದ ಹಲ್ಲು ತೇಯ್ದಿದ್ದರೆ ಮಕ್ಕಳು ಕೆಲಸ ಮಾಡಿದ್ದಾರೆ. ಅಂಗಡಿಯಿಂದ ತಂದಂತೆಯೇ ಹೊಳೆಯುತ್ತಿದ್ದರೆ ಮಾಡಿಲ್ಲ. ಇಷ್ಟನ್ನು ತಿಳಿಯಲು ಅವರಿಗೆ ಐದು ನಿಮಿಷ ಸಾಕು, ನಮೂನೆ ಬೇಕಿಲ್ಲ.

ಈ ಕಣ್ಣನ್ನೇ ವ್ಯವಸ್ಥಿತವಾಗಿ ಬಳಸಿಕೊಳ್ಳುವ ಕ್ರಮಕ್ಕೆ ಹೊರದೇಶಗಳಲ್ಲಿ ಪಿಯರ್ ರಿವ್ಯೂ ಎಂದು ಹೆಸರು. ಕನ್ನಡದಲ್ಲಿ ಸಹವೃತ್ತಿ ಪರಾಮರ್ಶೆ ಎನ್ನಬಹುದು. ಕೃಷಿಕರಿಗೆ ಇದು ಹೊಸತಲ್ಲ. ಚಾಲಿ ಅಡಿಕೆಯನ್ನು ಮಾರುಕಟ್ಟೆಗೆ ಒಯ್ದಾಗ ಅಲ್ಲಿಯವರು ದರ್ಜೆ ನಿಗದಿ ಮಾಡುತ್ತಾರೆ. ಆಗ ದರ ತಿಳಿಯುತ್ತದೆ, ಕಾರಣ ತಿಳಿಯುವುದಿಲ್ಲ. ನೆರೆಯ ಕೃಷಿಕ ತೋಟದೊಳಗೆ ಒಂದು ಸುತ್ತು ನಡೆದು ಬಂದರೆ ಬುಡದಲ್ಲಿ ನೀರು ನಿಂತದ್ದನ್ನೂ ಬೋರ್ಡೋ ದ್ರಾವಣದ ಸಿಂಪಡಣೆ ತಡವಾದದ್ದನ್ನೂ ಹೇಳುತ್ತಾನೆ. ಆತನಿಗೆ ದಂಡ ವಿಧಿಸುವ ಅಧಿಕಾರವಿಲ್ಲ, ಆದುದರಿಂದಲೇ ತೋಟದವನು ಏನನ್ನೂ ಮುಚ್ಚಿಡುವುದಿಲ್ಲ.

ಯುರೋಪಿನಲ್ಲಿ 2004ರಿಂದ 2007ರವರೆಗೆ ಆಸ್ಟ್ರಿಯದ ಸಂಸ್ಥೆಯೊಂದರ ಸಂಯೋಜನೆಯಲ್ಲಿ, ಲಿಯೊನಾರ್ಡೊ ಡಾ ವಿಂಚಿ ಹೆಸರಿನ ಐರೋಪ್ಯ ಕಾರ್ಯಕ್ರಮದಡಿ, ಹಲವು ದೇಶಗಳ ವೃತ್ತಿ ಶಾಲೆಗಳು ಒಟ್ಟಾಗಿ ಈ ಕ್ರಮಕ್ಕೆ ಒಂದು ಕೈಪಿಡಿಯನ್ನು ರೂಪಿಸಿದವು. ಅದರ ನಡೆ ಸರಳ. ಮೊದಲು ಶಾಲೆ ತನ್ನನ್ನು ತಾನೇ ಪರೀಕ್ಷಿಸಿಕೊಂಡು, ಎಲ್ಲಿ ಬಲ, ಎಲ್ಲಿ ಕೊರತೆ ಎಂಬ ವರದಿಯನ್ನು ಬರೆಯಬೇಕು. ಅನಂತರ ಬೇರೆ ಶಾಲೆಗಳಲ್ಲಿ ಅದೇ ಕೆಲಸ ಮಾಡುವ ಕೆಲವು ಶಿಕ್ಷಕರನ್ನು ಅತಿಥಿಗಳಾಗಿ ಕರೆಯಬೇಕು. ಅವರಲ್ಲಿ ಸಾಧ್ಯವಾದರೆ ಒಬ್ಬರು ಬೇರೆ ದೇಶದವರಿರಬೇಕು. ಅವರು ಎರಡು ಮೂರು ದಿನ ಉಳಿದು ತರಗತಿ, ಕಾರ್ಯಾಗಾರಗಳಲ್ಲಿ ಕುಳಿತು, ವಿದ್ಯಾರ್ಥಿಗಳೊಡನೆಯೂ ಶಿಕ್ಷಕರೊಡನೆಯೂ ಕೆಲಸ ಕೊಡುವವರೊಡನೆಯೂ ಪ್ರತ್ಯೇಕವಾಗಿ ಮಾತನಾಡುತ್ತಾರೆ. ಹೊರಡುವ ಮುನ್ನ ಕಂಡದ್ದನ್ನು ಶಾಲೆಯ ಮುಂದಿಟ್ಟು, ತಪ್ಪಾಗಿ ಗ್ರಹಿಸಿದ್ದರೆ ಅಲ್ಲಿಯೇ ತಿದ್ದಿಕೊಳ್ಳುತ್ತಾರೆ. ಅಂಕವಿಲ್ಲ, ಶ್ರೇಣಿಯಿಲ್ಲ. ವರದಿ ಶಾಲೆಯ ಸ್ವತ್ತು. ಅದರ ಮೇಲೆ ಏನು ಕ್ರಮ ಕೈಗೊಳ್ಳಬೇಕೆಂದು ತೀರ್ಮಾನಿಸುವುದೂ ಶಾಲೆಯೇ. ಫಿನ್ಲೆಂಡಿನ ವೃತ್ತಿ ಶಾಲೆಗಳಲ್ಲಿ ಇದು ಚೆನ್ನಾಗಿ ಬೇರೂರಿದೆ. 2020ರ ನವೆಂಬರಿನಲ್ಲಿ ಐರೋಪ್ಯ ಒಕ್ಕೂಟದ ಪರಿಷತ್ತು ವೃತ್ತಿ ಶಿಕ್ಷಣದ ಕುರಿತು ಹೊರಡಿಸಿದ ಶಿಫಾರಸು ಒಂದು ಹೆಜ್ಜೆ ಮುಂದೆ ಹೋಗಿ, ದೇಶ ದೇಶಗಳ ಗುಣಮಟ್ಟ ಖಾತರಿ ವ್ಯವಸ್ಥೆಗಳನ್ನೇ ಪರಸ್ಪರ ಪರಾಮರ್ಶೆಗೆ ಒಡ್ಡುವುದನ್ನು ಸೂಚಿಸಿತು.

ಬೇರೆ ದೇಶದವರು ಏಕೆ ಬೇಕು? ಒಂದೇ ಊರಿನವರಿಗೆ ಊರಿನ ಅಭ್ಯಾಸಗಳೆಲ್ಲ ಸಹಜವಾಗಿ ಕಾಣುತ್ತವೆ. ವೆಲ್ಡಿಂಗ್ ಕೊಠಡಿಯಲ್ಲಿ ಹೊಗೆ ಹೊರಹೋಗುವ ವ್ಯವಸ್ಥೆ ಇಲ್ಲದಿರುವುದು, ಸುರಕ್ಷಾ ಕನ್ನಡಕ ಗೋಡೆಯ ಮೊಳೆಯಲ್ಲಿಯೇ ತೂಗುತ್ತಿರುವುದು ಇಲ್ಲಿಯವರ ಕಣ್ಣಿಗೆ ಬೀಳುವುದೇ ಇಲ್ಲ. ಹೊರಗಿನವನಿಗೆ ಮೊದಲು ಬೀಳುವುದೇ ಅದು.

ಈ ಜಿಲ್ಲೆಯ ಚರಿತ್ರೆಯಲ್ಲಿಯೇ ಹೊರಗಿನ ಕಣ್ಣಿನ ಲಾಭವೂ ಮಿತಿಯೂ ದಾಖಲಾಗಿವೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ 1841ರಲ್ಲಿ ಮುದ್ರಣಾಲಯವನ್ನು ತೆರೆಯಿತು. 1851ರಲ್ಲಿ ಬಂದ ಹಾಲರ್ ಎಂಬ ನೇಕಾರ ನೇಯ್ಗೆಯ ಕೆಲಸವನ್ನು ಸುಧಾರಿಸಿದ. 1865ರಲ್ಲಿ ಪ್ಲೆಬ್ಸ್ಟ್ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದ. ನೇತ್ರಾವತಿಯ ದಂಡೆಯ ಆವೆಮಣ್ಣು ಇಲ್ಲಿಯ ಕುಂಬಾರರಿಗೆ ತಲೆಮಾರುಗಳಿಂದ ಗೊತ್ತಿತ್ತು. ಅದು ಯಂತ್ರದ ಹೆಂಚಾಗಬಲ್ಲುದು ಎಂಬುದು ಹೊರಗಿನ ಕಣ್ಣಿಗೆ ಕಂಡಿತು. ಆದರೆ ಅದು ಸಮಾನರ ಭೇಟಿಯಾಗಿರಲಿಲ್ಲ. ಪರೀಕ್ಷಿಸುವವರು ಬಾಸೆಲಿನವರು, ಪರೀಕ್ಷೆಗೆ ಒಳಗಾಗುವವರು ಇಲ್ಲಿಯವರು, ಅಷ್ಟೆ. 1972ರಲ್ಲಿ ಡೆನ್ಮಾರ್ಕ್ ಸರಕಾರದ ಸಹಯೋಗದಿಂದ ಬೆಂಗಳೂರಿನಲ್ಲಿ ಆರಂಭವಾದ ಸರಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರದಲ್ಲಿ ಸಂಬಂಧ ಬೇರೆ ಬಗೆಯದು. ಅಲ್ಲಿ ತಂತ್ರಜ್ಞಾನ ಬಂತು, ನಡೆಸುವ ಹೊಣೆ ರಾಜ್ಯದ್ದಾಯಿತು. ಇನ್ನು 2014ರ ಜೂನ್‌ನಲ್ಲಿ ಭಾರತ ವಾಷಿಂಗ್ಟನ್ ಒಪ್ಪಂದದ ಪೂರ್ಣ ಸದಸ್ಯತ್ವ ಪಡೆದಾಗ ಎಂಜಿನಿಯರಿಂಗ್ ಪದವಿಗಳಿಗೆ ನಿಜವಾದ ಪರಸ್ಪರತೆ ಒದಗಿತು. ಸದಸ್ಯ ರಾಷ್ಟ್ರಗಳು ಒಂದರ ಮಾನ್ಯತಾ ವ್ಯವಸ್ಥೆಯನ್ನು ಇನ್ನೊಂದು ಪರಾಮರ್ಶಿಸಿ ಒಪ್ಪಿಕೊಳ್ಳುತ್ತವೆ. ಎಂಜಿನಿಯರಿಗೆ ಹೀಗೆ ದೊರೆತ ಗೌರವ ಫಿಟ್ಟರಿಗೆ, ವೆಲ್ಡರಿಗೆ ಇನ್ನೂ ದೊರೆತಿಲ್ಲ. ವಿದೇಶಕ್ಕೆ ಹೆಚ್ಚಾಗಿ ಹೋಗುವವರು ಯಾರೆಂದು ನರಿಮೊಗರಿನ ಆಸುಪಾಸಿನ ಮನೆಗಳಲ್ಲಿ ವಿಚಾರಿಸಿದರೆ ಈ ತಾರತಮ್ಯದ ವಿಚಿತ್ರ ಅರ್ಥವಾಗುತ್ತದೆ.

ಕೊಲ್ಲಿ ದೇಶಗಳ ಮಾತು ಇಲ್ಲಿಯೇ ಬರುತ್ತದೆ. ಸೌದಿ ಅರೇಬಿಯ ಈಗ ಎಲೆಕ್ಟ್ರಿಷಿಯನ್, ಪ್ಲಂಬರ್, ವೆಲ್ಡರ್ ಮೊದಲಾದ ವೃತ್ತಿಗಳವರಿಗೆ ಭಾರತದಲ್ಲಿಯೇ ಕೌಶಲ ಪರೀಕ್ಷೆ ನಡೆಸುತ್ತದೆ. ಅಲ್ಲಿ ಕಾಗದ ನಡೆಯದು, ಕೈ ನಡೆಯಬೇಕು. ವೀಸಾದ ಆಸೆಯಿಂದ ಮನೆಯವರು ಒಡವೆ ಅಡವಿಟ್ಟ ಬಳಿಕ ತನ್ನ ತರಬೇತಿಯ ಕೊರತೆಯನ್ನು ತಿಳಿಯುವುದು ಒಬ್ಬ ಯುವಕನಿಗೆ ಬಹಳ ತಡವಾದ, ಬಹಳ ದುಬಾರಿಯಾದ ಪರಾಮರ್ಶೆ. ಅದೇ ಕೊರತೆ ತರಬೇತಿಯ ಮೊದಲ ವರ್ಷದಲ್ಲಿಯೇ ಗೊತ್ತಾಗಿದ್ದರೆ ತಿದ್ದಲು ಒಂದು ವರ್ಷ ಉಳಿದಿರುತ್ತಿತ್ತು.

ಅಂತಾರಾಷ್ಟ್ರೀಯ ಪರಾಮರ್ಶೆಗೆ ಫಿನ್ಲೆಂಡಿನಿಂದ ಶಿಕ್ಷಕರನ್ನು ಕರೆಸುವುದು ಗ್ರಾಮ ಪಂಚಾಯತಿನ ಕೈಮೀರಿದ ಮಾತು. ಕರೆಸಬೇಕಾಗಿಯೂ ಇಲ್ಲ. ದುಬೈ, ದೋಹಾ, ಮಸ್ಕತ್, ಜುಬೈಲ್‌ಗಳಲ್ಲಿ ದುಡಿದು, ಅಲ್ಲಿಯ ಸುರಕ್ಷಾ ನಿಯಮಗಳನ್ನೂ ಮೇಲ್ವಿಚಾರಕರ ಕಟ್ಟುನಿಟ್ಟನ್ನೂ ಅನುಭವಿಸಿ ಊರಿಗೆ ಮರಳಿದ ವೆಲ್ಡರುಗಳು, ಎ.ಸಿ. ಮೆಕ್ಯಾನಿಕ್‌ಗಳು, ಎಲೆಕ್ಟ್ರಿಷಿಯನ್ನರು ಮೂರೂ ತಾಲೂಕುಗಳಲ್ಲಿ ಇದ್ದಾರೆ. ಅವರ ಅನುಭವ ಇಂದು ಮದುವೆ ಚಪ್ಪರದ ಮಾತುಕತೆಯಲ್ಲಿ ಮುಗಿದುಹೋಗುತ್ತಿದೆ. ಸಮೀಪದ ಐ.ಟಿ.ಐ.ಯ ಪ್ರಾಚಾರ್ಯರು ಒಪ್ಪಿದರೆ ಅಂಥ ಇಬ್ಬರು, ನೆರೆ ತಾಲೂಕಿನ ಐ.ಟಿ.ಐ.ಯ ಒಬ್ಬ ಕಿರಿಯ ತರಬೇತಿ ಅಧಿಕಾರಿ, ಪಾಲಿಟೆಕ್ನಿಕ್‌ನ ಒಬ್ಬ ಉಪನ್ಯಾಸಕರು ಸೇರಿದರೆ ತಂಡವಾಯಿತು. ಕಬಕ ಪುತ್ತೂರಿನಿಂದ ಸುಬ್ರಹ್ಮಣ್ಯ ರಸ್ತೆಯ ಕಡೆಗೆ ಹೋಗುವ ರೈಲು ಮಾರ್ಗ ನರಿಮೊಗರು, ಕಾಣಿಯೂರು, ಎಡಮಂಗಲಗಳನ್ನು ಹಾದು ಹೋಗುತ್ತದೆ. ತಂಡದ ಓಡಾಟ ದೊಡ್ಡ ಖರ್ಚಿನದಲ್ಲ.

ಸದಸ್ಯರಿಗೆ ಒಂದು ಸಂಶಯ ಬರಬಹುದು. ಗ್ರಾಮ ಪಂಚಾಯತಿನಲ್ಲಿ ಪ್ರತಿವರ್ಷ ಜಮಾಬಂದಿ ನಡೆಯುತ್ತದೆ, ಉದ್ಯೋಗ ಖಾತರಿಯ ಸಾಮಾಜಿಕ ಪರಿಶೋಧನೆ ನಡೆಯುತ್ತದೆ. ಇದೂ ಹಾಗೆಯೇ ಅಲ್ಲವೇ? ಅಲ್ಲ. ಜಮಾಬಂದಿಯಲ್ಲಿ ಲೆಕ್ಕ ಒಪ್ಪಿಸಬೇಕು, ತಪ್ಪಿದ್ದರೆ ವಸೂಲಾತಿ. ಅದು ಸಾರ್ವಜನಿಕ ಹಣದ ರಕ್ಷಣೆಗೆ ಅಗತ್ಯ, ಸಹವೃತ್ತಿ ಪರಾಮರ್ಶೆ ಅದಕ್ಕೆ ಬದಲಿಯಾಗದು. ಆದರೆ ಪರಾಮರ್ಶೆಯ ವರದಿಯನ್ನು ಯಾರಾದರೂ ಶಿಸ್ತುಕ್ರಮದ ಕಡತಕ್ಕೆ ಸೇರಿಸಿದರೆ ಮರುವರ್ಷ ಯಾವ ಸಂಸ್ಥೆಯೂ ಬಾಗಿಲು ತೆರೆಯುವುದಿಲ್ಲ. ಪಂಚಾಯತ್ ಸದಸ್ಯರು ಇಲ್ಲಿ ಕಾಯ್ದುಕೊಳ್ಳಬೇಕಾದ ಸಂಯಮ ಇದೇ, ಮತ್ತು ಅದು ಸುಲಭವಲ್ಲ. ವರದಿಯಲ್ಲಿ ಕೊರತೆ ಕಂಡ ಕೂಡಲೇ ಪತ್ರಿಕೆಗೆ ಹೇಳಿಕೆ ಕೊಡುವ ಆಸೆಯನ್ನು ತಡೆಯಬೇಕಾಗುತ್ತದೆ.

ಎದುರು ಬದಿಯ ಅಪಾಯವೂ ಅಷ್ಟೇ ನಿಜ. ಇಂದು ಇವರು ಅವರನ್ನು ಹೊಗಳುವುದು, ನಾಳೆ ಅವರು ಇವರನ್ನು ಹೊಗಳುವುದು, ಶಾಲು, ಫಲತಾಂಬೂಲ, ಭಾವಚಿತ್ರ. ಒಂಟೆಯ ಮದುವೆಗೆ ಕತ್ತೆ ಹಾಡಿದ ಹಳೆಯ ಕಥೆ ಇಂಥದ್ದಕ್ಕೇ ಹುಟ್ಟಿದ್ದು. ಇದನ್ನು ತಪ್ಪಿಸಲು ಐರೋಪ್ಯ ಅನುಭವದಿಂದ ಎರಡು ಸಂಗತಿಗಳನ್ನಾದರೂ ಎರವಲು ಪಡೆಯಬಹುದು. ಸಂಸ್ಥೆ ಮೊದಲು ತಾನೇ ಬರೆದ ಸ್ವಯಂ ವರದಿ ಇಲ್ಲದೆ ಭೇಟಿ ನಡೆಯಬಾರದು. ಇದು ಅತಿಥಿಗಳಿಗೆ ನೋಡಬೇಕಾದ ಜಾಗವನ್ನು ತೋರಿಸುತ್ತದೆ. ವಿದ್ಯಾರ್ಥಿಗಳೊಡನೆ, ವಿಶೇಷವಾಗಿ ಹೆಣ್ಣುಮಕ್ಕಳೊಡನೆ, ಶಿಕ್ಷಕರಿಲ್ಲದ ಕೊಠಡಿಯಲ್ಲಿ ಮಾತುಕತೆಯಾಗಬೇಕು. ಎಲೆಕ್ಟ್ರಿಷಿಯನ್ ತರಗತಿಯಲ್ಲಿ ಇಬ್ಬರೇ ಹುಡುಗಿಯರಿದ್ದು ಕಂಬ ಹತ್ತುವ ಅಭ್ಯಾಸದ ದಿನ ಅವರನ್ನು ದಾಖಲೆ ಬರೆಯಲು ಕೂರಿಸುತ್ತಾರೆಯೇ ಎಂಬುದು ಅಲ್ಲಿ ಮಾತ್ರ ಹೊರಬರುತ್ತದೆ.

ಕಲಿತವರ ಮುಂದಿನ ದಾರಿಯನ್ನು ನೋಡುವ ಒಂದು ಮಾದರಿ ಈ ಜಿಲ್ಲೆಯಲ್ಲಿಯೇ ಇದೆ. ಧರ್ಮಸ್ಥಳದ ಸಂಸ್ಥೆಯು ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳೊಡನೆ 1982ರಲ್ಲಿ ಉಜಿರೆಯಲ್ಲಿ ಆರಂಭಿಸಿದ ರುಡ್‌ಸೆಟ್, ತರಬೇತಿ ಮುಗಿದ ಮೇಲೂ ಅಭ್ಯರ್ಥಿಗಳ ಬೆನ್ನು ಬಿಡದೆ ವಿಚಾರಿಸುವ ಪದ್ಧತಿಯನ್ನು ರೂಢಿಸಿತು. ದೇಶದ ಜಿಲ್ಲೆ ಜಿಲ್ಲೆಗಳ ಆರ್‌ಸೆಟಿಗಳಿಗೆ ಆ ಮಾದರಿಯೇ ತಳಹದಿಯಾಯಿತು. ಪಂಚಾಯತ್‌ಗಳಲ್ಲಿ ಸ್ವಚ್ಛ ವಾಹಿನಿ ಓಡಿಸುತ್ತಿರುವ ಸಂಜೀವಿನಿ ಒಕ್ಕೂಟದ ಮಹಿಳೆಯರ ಚಾಲನಾ ತರಬೇತಿಯಿಂದಲೇ ಪರಾಮರ್ಶೆಯನ್ನು ಪ್ರಯೋಗಿಸಿ ನೋಡಬಹುದು. ಒಂದು ಪಂಚಾಯತಿನ ಚಾಲಕಿ ನೆರೆ ಪಂಚಾಯತಿಗೆ ಹೋಗಿ ಒಂದು ದಿನ ಅಲ್ಲಿಯ ವಾಹನದಲ್ಲಿ ಕುಳಿತು, ಏರುದಾರಿ, ಹಿಂದಕ್ಕೆ ತಿರುಗಿಸುವಿಕೆ, ಸಣ್ಣ ರಿಪೇರಿ ಇವುಗಳಲ್ಲಿ ತರಬೇತಿ ಎಷ್ಟು ಸಾಲದಾಯಿತು ಎಂದು ಬರೆದುಕೊಡಲಿ. ತರಬೇತಿ ಕೊಟ್ಟವರಿಗೆ ಆ ಒಂದು ಪುಟ ಹತ್ತು ಹಿಮ್ಮಾಹಿತಿ ನಮೂನೆಗಳಿಗಿಂತ ಹೆಚ್ಚು ತಿಳಿಸುತ್ತದೆ.

ಐ.ಟಿ.ಐ.ಗಳ ಮಟ್ಟಿಗೆ ಮೊದಲ ಹೆಜ್ಜೆ ಸಾಮಾನ್ಯ ಸಭೆಯ ಒಂದು ನಿರ್ಣಯ. ಅದರಲ್ಲಿ ಬೇಡಿಕೆಯ ದನಿ ಬೇಡ, ಆಹ್ವಾನದ ದನಿ ಇರಲಿ. ಪಂಚಾಯತಿನ ವ್ಯಾಪ್ತಿಯಿಂದ ಯಾವ ಸಂಸ್ಥೆಗೆ ಎಷ್ಟು ಮಕ್ಕಳು ಹೋಗುತ್ತಿದ್ದಾರೆ, ಕಳೆದ ಮೂರು ವರ್ಷಗಳಲ್ಲಿ ಹೊರಬಂದವರು ಈಗ ಏನು ಮಾಡುತ್ತಿದ್ದಾರೆ ಎಂಬ ಪಟ್ಟಿಯನ್ನು ವಾರ್ಡುವಾರು ಸಿದ್ಧಪಡಿಸಿ ನಿರ್ಣಯದೊಡನೆ ಪ್ರಾಚಾರ್ಯರಿಗೆ ಕಳುಹಿಸಿದರೆ, ಸಂಸ್ಥೆಯ ಬಳಿಯೂ ಇಲ್ಲದ ಮಾಹಿತಿ ಅದಕ್ಕೆ ಸಿಕ್ಕಂತಾಗುತ್ತದೆ. ಭೇಟಿಗೆ ಹೋಗುವ ಸಿಬ್ಬಂದಿಗೆ ಓ.ಓ.ಡಿ. ಮಂಜೂರಾತಿ ಇಲಾಖೆಯಿಂದಲೇ ಬರಬೇಕು, ಆ ಕೋರಿಕೆಯನ್ನು ತಾಲೂಕು ಪಂಚಾಯತ್ ಮೂಲಕ ಕಳುಹಿಸುವುದು ಉತ್ತಮ. ತರಗತಿಗಳು ನಡೆಯುತ್ತಿರುವ ದಿನಗಳಲ್ಲಿಯೇ ಭೇಟಿ ಇಟ್ಟುಕೊಳ್ಳಬೇಕು. ಪರೀಕ್ಷೆ ಮುಗಿದ ಮೇಲಿನ ಕಾರ್ಯಾಗಾರ ಗುಡಿಸಿ ಒರೆಸಿ ಅಂದವಾಗಿರುತ್ತದೆ, ನೋಡಲು ಅಲ್ಲಿ ಏನೂ ಇರುವುದಿಲ್ಲ. ವರ್ಷದ ಬಳಿಕ ಅದೇ ತಂಡ ಅದೇ ಕೊಠಡಿಗೆ ಮತ್ತೊಮ್ಮೆ ಹೋಗುವ ದಿನಾಂಕವನ್ನು ಮೊದಲ ಭೇಟಿಯ ದಿನವೇ ಗೊತ್ತುಪಡಿಸಿಕೊಳ್ಳತಕ್ಕದ್ದು.